ಅಚ್ಚರಿ ಅವಳಿಗಿರಲಿ, ಅವಳ ಅಪ್ಪನಿಗೆ ಬೇಡ

ಪ್ರಶ್ನೆ: ನನಗೆ 30 ವರ್ಷ. ಶಿವಮೊಗ್ಗ ಜಿಲ್ಲೆಯವನು, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ. ನಾಲ್ಕು ವರ್ಷಗಳಿಂದ ಮೈಸೂರಿನ ಹುಡುಗಿಯೊಬ್ಬಳನ್ನು ಪ್ರೀತಿಸುತ್ತಿದ್ದೇನೆ. ಅವಳಿಗೂ ಇಲ್ಲಿಯೇ ಕೆಲಸ. ಶನಿವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಜೊತೆಯಾಗಿ ನಡೆಯುವುದು ನಮ್ಮ ರೂಢಿ. ಜಾತಿ ಬೇರೆ. ನಮ್ಮ ಮನೆಯಲ್ಲಿ ಒಪ್ಪಿದ್ದಾರೆ. ಅವಳ ತಾಯಿಗೆ ವಿಷಯ ಗೊತ್ತು, ತಂದೆಗೆ ಗೊತ್ತಿಲ್ಲ. ಮದುವೆಯ ಮಾತು ಬಂದಾಗಲೆಲ್ಲ ‘ಅಪ್ಪನಿಗೆ ಹೇಗೆ ಹೇಳೋದು’ ಎಂದು ಅವಳು ಸುಮ್ಮನಾಗಿಬಿಡುತ್ತಾಳೆ. ಆಷಾಢದಲ್ಲಿ ಬರುವ ಅವಳ ಹುಟ್ಟುಹಬ್ಬದಂದು ಮಾಲ್ ಒಂದರಲ್ಲಿ ನೃತ್ಯ ತಂಡ, ಗೆಳೆಯರು, ವಿಡಿಯೊದವರನ್ನೆಲ್ಲ ಸೇರಿಸಿ, ಮಂಡಿಯೂರಿ ಉಂಗುರ ಕೊಟ್ಟು ಪ್ರಪೋಸ್ ಮಾಡಬೇಕೆಂದಿದ್ದೇನೆ. ಹುಟ್ಟುಹಬ್ಬದ ನೆಪದಲ್ಲಿ ಅವಳ ತಂದೆ–ತಾಯಿಯನ್ನೂ ಕರೆಸುವ ಯೋಚನೆಯಿದೆ. ಆಯೋಜಕರಿಗೆ 40 ಸಾವಿರ ರೂಪಾಯಿ ಮುಂಗಡ ಕೊಟ್ಟಾಗಿದೆ. ಆದರೆ ಅವಳ ತಂಗಿ, ‘ಅಪ್ಪನ ಎದುರಿಗೆ ಬೇಡ ಭಾವ, ಅಕ್ಕನಿಗೂ ಇಷ್ಟ ಆಗಲ್ಲ’ ಎನ್ನುತ್ತಿದ್ದಾಳೆ. ಮುಂದುವರಿಯಲೇ, ಬಿಡಲೇ?
— ಹೆಸರು ಬೇಡ, ಬೆಂಗಳೂರು

ಉತ್ತರ: ಮಾಲ್‌ನ ಕಾರ್ಯಕ್ರಮವನ್ನು ಬಿಟ್ಟುಬಿಡಿ; ಅಚ್ಚರಿಯನ್ನು ಬಿಡಬೇಕಾಗಿಲ್ಲ. ಆ ತಂಗಿ ನಿಮ್ಮನ್ನು ಈಗಾಗಲೇ ‘ಭಾವ’ ಎಂದು ಕರೆಯುತ್ತಿದ್ದಾಳೆ, ಅಂದರೆ ಆ ಮನೆಯಲ್ಲಿ ನಿಮ್ಮ ಪರವಾಗಿ ಇರುವವಳು. ಅಂಥವಳೇ ಬೇಡ ಎಂದ ಮೇಲೆ ಅದನ್ನು ಚಿಕ್ಕ ಹುಡುಗಿಯ ಮಾತೆಂದು ತಳ್ಳಿಹಾಕುವಂತಿಲ್ಲ.

ಆ ದಿನವನ್ನು ಅವರ ತಂದೆಯ ಕಡೆಯಿಂದ ಒಮ್ಮೆ ನೋಡಿ. ಮಗಳ ಹುಟ್ಟುಹಬ್ಬವೆಂದು ಬೆಳಗಿನ ರೈಲು ಹತ್ತಿ, ಮೈಸೂರುಪಾಕಿನ ಡಬ್ಬ ಹಿಡಿದು ಬಂದ ಮನುಷ್ಯನನ್ನು ಯಾರೋ ಮಾಲ್‌ನ ನಡುವೆ ತಂದು ನಿಲ್ಲಿಸುತ್ತಾರೆ; ಹಾಡು ಜೋರಾಗುತ್ತದೆ, ಮೇಲಿನ ಮಹಡಿಗಳ ಕಂಬಿಗೆ ಒರಗಿದ ಜನ ಫೋನ್ ಎತ್ತಿ ಹಿಡಿಯುತ್ತಾರೆ, ಪರಿಚಯವೇ ಇಲ್ಲದ ಯುವಕನೊಬ್ಬ ಅವರ ಮಗಳ ಮುಂದೆ ಮಂಡಿಯೂರುತ್ತಾನೆ. ಆ ಒಂದು ನಿಮಿಷದಲ್ಲಿ ಅವರಿಗೆ ಮೂರು ಸಂಗತಿಗಳು ಒಟ್ಟಿಗೇ ತಿಳಿಯುತ್ತವೆ: ಮಗಳು ಒಬ್ಬನನ್ನು ಪ್ರೀತಿಸುತ್ತಿದ್ದಾಳೆ, ಹುಡುಗ ಬೇರೆ ಜಾತಿಯವನು, ಹೆಂಡತಿಗೆ ಇದೆಲ್ಲ ಮೊದಲೇ ಗೊತ್ತಿತ್ತು. ಮೊದಲ ಎರಡನ್ನು ಅವರು ಕಾಲಕ್ರಮದಲ್ಲಿ ಅರಗಿಸಿಕೊಳ್ಳಬಹುದು. ಮೂರನೆಯದು ಹಾಗಲ್ಲ, ಅದರ ಬೆಲೆಯನ್ನು ನಿಮ್ಮ ಪರ ನಿಂತ ಆ ತಾಯಿ ವರ್ಷಗಟ್ಟಲೆ ತೆರಬೇಕಾಗುತ್ತದೆ. ಇನ್ನು ನಿಮ್ಮ ಹುಡುಗಿ ಆ ಹೊತ್ತಿನಲ್ಲಿ ಉಂಗುರವನ್ನೂ ನೋಡುವುದಿಲ್ಲ, ನಿಮ್ಮನ್ನೂ ನೋಡುವುದಿಲ್ಲ. ಅಪ್ಪನ ಮುಖವನ್ನೇ ನೋಡುತ್ತಿರುತ್ತಾಳೆ. ಅಷ್ಟು ಜನರೆದುರು ಅವಳು ‘ಹೂಂ’ ಎಂದರೂ ಅದು ಮನಸಾರೆ ಹೇಳಿದ್ದೋ, ನಿಮ್ಮ ಮರ್ಯಾದೆ ಉಳಿಸಲು ಹೇಳಿದ್ದೋ ಎಂಬುದು ನಿಮಗೆ ತಿಳಿಯುವ ಬಗೆಯಿಲ್ಲ.

ಪ್ರಪೋಸ್ ಮಾಡುವುದರಲ್ಲಿ ಅಚ್ಚರಿ ಇರಬೇಕಾದದ್ದು ಯಾವಾಗ, ಎಲ್ಲಿ ಎಂಬುದರಲ್ಲಿ. ಮದುವೆಯಾಗಬೇಕೇ ಬೇಡವೇ ಎಂಬುದು ಅದಕ್ಕೂ ಮೊದಲೇ ಇಬ್ಬರೂ ಕುಳಿತು ಮಾತನಾಡಿ ಮುಗಿಸಿರಬೇಕಾದ ವಿಷಯ. ನಿಮ್ಮ ಪತ್ರದಲ್ಲಿ ಆ ಮಾತುಕತೆ ಎಲ್ಲಿಯೂ ಕಾಣಲಿಲ್ಲ. ‘ಅಪ್ಪನಿಗೆ ಹೇಗೆ ಹೇಳೋದು’ ಎಂದು ಅವಳು ನಿಂತುಬಿಡುತ್ತಾಳೆ ಎಂದಿದ್ದೀರಿ. ಅವಳು ನಿಂತ ಜಾಗದಿಂದ ಮಾತನ್ನು ಮುಂದಕ್ಕೆ ತೆಗೆದುಕೊಂಡು ಹೋಗುವ ಬದಲು ನೀವು ನೃತ್ಯ ತಂಡವನ್ನು ಗೊತ್ತುಮಾಡಿದ್ದೀರಿ. ಆದ್ದರಿಂದ ಉಂಗುರ, ಹೂವುಗಳ ಸುದ್ದಿ ಎತ್ತದೆ, ಒಂದು ಸಂಜೆ ಬಿಡುವಾಗಿ ಕೇಳಿ: ತಂದೆಗೆ ಯಾರು ಹೇಳಿದರೆ ಒಳ್ಳೆಯದು, ಯಾವಾಗ ಹೇಳಿದರೆ ಒಳ್ಳೆಯದು, ಅವರು ಮೊದಲಿಗೆ ಬೇಡವೆಂದರೆ ಎಷ್ಟು ದಿನ ಕಾಯುವುದು. ಅಮ್ಮನೇ ಹೇಳಲಿ ಎಂದರೆ ಹಾಗೇ ಆಗಲಿ. ತಂದೆ ಗೌರವ ಕೊಡುವ ಸೋದರಮಾವನೋ ದೊಡ್ಡಪ್ಪನೋ ಇದ್ದರೆ ಅವರ ಮೂಲಕ ಹೇಳಿಸುವುದು ನಮ್ಮ ಮನೆಗಳಲ್ಲಿ ಇಂದಿಗೂ ಕೆಲಸ ಮಾಡುವ ದಾರಿ. ಅವಳಿಗೆ ತಿಳಿಸದೆ ನೀವೇ ಮೈಸೂರಿಗೆ ಹೋಗಿ ಅವರ ಮುಂದೆ ಕೈಕಟ್ಟಿ ನಿಲ್ಲುವುದು ಮಾತ್ರ ಬೇಡ. ಅದು ಹಿರಿಯರಿಗೆ ತೋರುವ ವಿನಯದಂತೆ ಕಂಡರೂ, ತನ್ನ ಮದುವೆಯ ವಿಷಯದಲ್ಲಿ ತನ್ನನ್ನು ಕೊನೆಗೆ ಕೇಳಿದರು ಎಂಬ ಕೊರಗು ಅವಳಲ್ಲಿ ಉಳಿಯುತ್ತದೆ.

ಆಷಾಢದ ವಿಷಯ. ನಿಮಗಿಬ್ಬರಿಗೂ ಅದರಲ್ಲಿ ನಂಬಿಕೆ ಇಲ್ಲದಿರಬಹುದು, ನನಗೂ ಅಷ್ಟಾಗಿ ಇಲ್ಲ. ಆದರೆ ಆ ತಿಂಗಳಲ್ಲಿ ಮದುವೆಯ ಮಾತೆತ್ತುವುದು ಎಷ್ಟೋ ತಾಯಂದಿರಿಗೆ ಸರಿಬರುವುದಿಲ್ಲ, ಮುಂದೆ ಏನೇ ಸಣ್ಣ ಅಡ್ಡಿ ಬಂದರೂ ‘ಆಷಾಢದಲ್ಲಿ ಶುರುಮಾಡಿದ್ದು’ ಎಂಬ ಮಾತು ಕೇಳಬೇಕಾಗುತ್ತದೆ. ನಿಮ್ಮಿಬ್ಬರ ನಡುವಿನ ಮಾತಿಗೆ ಪಂಚಾಂಗ ಬೇಕಾಗಿಲ್ಲ. ಮನೆಯವರ ಮಾತುಕತೆಯನ್ನು ಶ್ರಾವಣಕ್ಕೆ ಇಟ್ಟುಕೊಳ್ಳಿ. ಹುಟ್ಟುಹಬ್ಬವನ್ನು ಹುಟ್ಟುಹಬ್ಬವಾಗಿಯೇ ಆಚರಿಸಿ.

ಜಾಗದ ಬಗ್ಗೆ ಹೇಳುವುದಾದರೆ, ಮೈಸೂರಿನ ಹುಡುಗಿಯೆಂದು ಭಾನುವಾರ ಸಂಜೆ ಅರಮನೆಯ ಮುಂದೆ, ಸುಮಾರು ಒಂದು ಲಕ್ಷ ದೀಪಗಳು ಒಮ್ಮೆಗೇ ಹೊತ್ತಿಕೊಳ್ಳುವ ಕ್ಷಣಕ್ಕೆ ಸರಿಯಾಗಿ ಕೇಳೋಣ ಎಂದು ನಿಮಗೆ ಅನ್ನಿಸೀತು. ನೋಟ ಸೊಗಸಾದದ್ದೇ, ಆದರೆ ಮೈಸೂರಿನಲ್ಲಿ ಅವಳ ಅಪ್ಪನ ಸಹೋದ್ಯೋಗಿಯ ಸಂಸಾರ ಅದೇ ಸಂಜೆ ಅಲ್ಲಿರುವುದಿಲ್ಲ ಎಂದು ಹೇಳಬಲ್ಲವರು ಯಾರು? ನಂದಿ ಬೆಟ್ಟ 1,478 ಮೀಟರ್ ಎತ್ತರದಲ್ಲಿದೆ. ಮಳೆಗಾಲದ ಬೆಳಗಿನಲ್ಲಿ ಸೂರ್ಯೋದಯದ ಬದಲು ಮಂಜು, ವಾರಾಂತ್ಯವಾದರೆ ವಾಹನಗಳ ಸಾಲು. ಇವೆರಡಕ್ಕಿಂತ ನಿಮ್ಮ ಲಾಲ್‌ಬಾಗ್ ಮೇಲು. ಎಂದಿನ ಶನಿವಾರ, ಎಂದಿನ ದಾರಿ, ಅವಳಿಗೆ ಅನುಮಾನ ಬರಲು ಕಾರಣವೇ ಇಲ್ಲ. ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಿ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ಬಂಡೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೂ ಹೌದು. ಮಳೆ ಬಂದು ಕಲ್ಲು ಜಾರುವಂತಿದ್ದರೆ ಕೆಳಗಿನ ಯಾವುದಾದರೂ ಮರದಡಿಯ ಬೆಂಚು ಸಾಕು. ಆಗಸ್ಟ್ 15ರ ಆಸುಪಾಸಿನಲ್ಲಿ ಫಲಪುಷ್ಪ ಪ್ರದರ್ಶನ ಇರುವುದರಿಂದ ಆ ವಾರಗಳನ್ನು ಬಿಟ್ಟು ದಿನ ಹುಡುಕಿ.

ಉಂಗುರಕ್ಕೆ ಈಗಲೇ ದೊಡ್ಡ ಮೊತ್ತ ಸುರಿಯಬೇಡಿ. ಎಲ್ಲ ಸುಸೂತ್ರವಾಗಿ ನಡೆದರೆ ನಿಶ್ಚಿತಾರ್ಥದಲ್ಲಿ ಮತ್ತೆ ಉಂಗುರ ಬದಲಾಯಿಸುವುದು ಇದ್ದೇ ಇದೆ, ಅದನ್ನು ತಮ್ಮ ಖಾಯಂ ಅಂಗಡಿಯಲ್ಲಿಯೇ ಮಾಡಿಸಬೇಕೆಂಬ ಆಸೆ ನಿಮ್ಮ ತಾಯಿಗೂ ಇರುತ್ತದೆ. ದಿನವೂ ಹಾಕಿಕೊಳ್ಳಬಹುದಾದ ಸಣ್ಣದೊಂದು ಸಾಕು. ಅವಳು ಆ ಬೆರಳಿಗೇ ಹಾಕುವ ಹಳೆಯ ಉಂಗುರವೊಂದನ್ನು ತಂಗಿಯ ಮೂಲಕ ತರಿಸಿ ಅಳತೆ ಕೊಡಿ. ದಾರ ಸುತ್ತಿ ತೆಗೆದ ಅಳತೆ ಬಹಳ ಸಲ ತಪ್ಪುತ್ತದೆ. ಚಳಿಯ ಬೆಳಿಗ್ಗೆ ಬೆರಳು ತುಸು ಸಣ್ಣಗಾಗಿ ಉಂಗುರ ಸಡಿಲವೆನಿಸಿದರೆ ಗಾಬರಿ ಬೇಡ. ಸುತ್ತಲೂ ಕಲ್ಲು ಕೂರಿಸಿದ ಮಾದರಿಯನ್ನು ಮುಂದೆ ದೊಡ್ಡದು–ಚಿಕ್ಕದು ಮಾಡಿಸುವುದು ಕಷ್ಟ, ಅದನ್ನು ಆರಿಸಬೇಡಿ. ವಜ್ರವಿದ್ದರೆ ಚಿನ್ನ ಸಾಮಾನ್ಯವಾಗಿ 18 ಕ್ಯಾರೆಟ್‌ನದಾಗಿರುತ್ತದೆ, ಒಳಬದಿಯಲ್ಲಿ 750 ಎಂಬ ಗುರುತು ಇರುತ್ತದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಜೊತೆಗೆ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ (ಪ್ರತಿ ಒಡವೆಯ ಪ್ರತ್ಯೇಕ ಗುರುತು) ಸಂಖ್ಯೆಯೂ ಕಡ್ಡಾಯವಾಗಿದೆ. ಎರಡು ಗ್ರಾಂಗಿಂತ ಹಗುರವಾದ ಒಡವೆಗೆ ಈ ನಿಯಮದಿಂದ ವಿನಾಯಿತಿ ಇರುವುದರಿಂದ, ತೀರಾ ಸಣ್ಣ ಉಂಗುರ ಕೊಳ್ಳುವಾಗ ಬಿಲ್ಲಿನಲ್ಲಿ ತೂಕ, ಕ್ಯಾರೆಟ್ ಎರಡನ್ನೂ ಬರೆಸಿಕೊಳ್ಳಿ.

ಮಂಡಿಯೂರಬೇಕೇ? ನಿಮಗೆ ಇಷ್ಟವಿದ್ದರೆ ಊರಿ. ಮಾತನ್ನು ಮಾತ್ರ ಬಾಯಿಪಾಠ ಮಾಡಿಕೊಂಡು ಹೋಗಬೇಡಿ. ದಿನವೂ ಅವಳೊಡನೆ ಆಡುವ ಕನ್ನಡದಲ್ಲಿಯೇ ಕೇಳಿ, ನಡುವೆ ತಡವರಿಸಿದರೂ ನಷ್ಟವಿಲ್ಲ. ಫೋಟೊ ತೆಗೆಯಲು ಗೆಳೆಯನನ್ನು ಗಿಡದ ಮರೆಯಲ್ಲಿ ನಿಲ್ಲಿಸುವುದು ಬೇಡ, ಆಮೇಲೆ ನೀವಿಬ್ಬರೇ ಒಂದು ಸೆಲ್ಫಿ ತೆಗೆದುಕೊಳ್ಳಿ. ತಂದೆಗೆ ವಿಷಯ ತಲುಪುವವರೆಗೂ ಆ ಚಿತ್ರ ಯಾರ ಸ್ಟೇಟಸ್ಸಿನಲ್ಲಿಯೂ ಕಾಣಿಸಿಕೊಳ್ಳಬಾರದು. ಗೆಳೆಯನೊಬ್ಬ ಅಭಿನಂದನೆ ಹಾಕಿದರೂ ಸಾಕು, ಅದು ಅವಳ ಬಂಧುಗಳ ವಾಟ್ಸ್‌ಆ್ಯಪ್ ಗುಂಪಿಗೆ ತಲುಪಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಇಷ್ಟೆಲ್ಲ ಮಾತನಾಡಿದ ಮೇಲೂ ಅವಳು ಆ ಬೆಳಿಗ್ಗೆ ಸ್ವಲ್ಪ ಸಮಯ ಬೇಕು ಎನ್ನಬಹುದು. ಹಾಗಾದರೆ ‘ಯಾಕೆ’ ಎಂದು ಅಲ್ಲಿಯೇ ಪಟ್ಟುಹಿಡಿಯದೆ, ಉಂಗುರವನ್ನು ಜೇಬಿಗೆ ಹಾಕಿ, ಎಂದಿನಂತೆ ತಿಂಡಿಗೆ ಹೋಗಿ. ಹತ್ತಿರದ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ನಲ್ಲಿ ಶನಿವಾರ ಕಾಯಬೇಕಾಗಬಹುದು. ಸರದಿಯಲ್ಲಿ ಕುಳಿತಿರುವಾಗ ಮಾತು ತಾನಾಗಿ ಬಂದರೆ ಬರಲಿ.

ಕೊನೆಗೆ ಆ 40 ಸಾವಿರ. ಆಯೋಜಕರ ಬಳಿ ಲಿಖಿತ ಕರಾರು ಇದ್ದರೆ ರದ್ದತಿಯ ಷರತ್ತನ್ನು ಮೊದಲು ಓದಿ, ಇಂದೇ ಇಮೇಲ್ ಮೂಲಕ ತಿಳಿಸಿ; ತಡವಾದಷ್ಟೂ ಹಿಂತಿರುಗಿ ಬರುವ ಮೊತ್ತ ಕಡಿಮೆಯಾಗುವುದು ಇಂಥ ವ್ಯವಹಾರಗಳಲ್ಲಿ ಸಾಮಾನ್ಯ. ಹಣ ವಾಪಸ್ ಕೊಡಲಾಗದು ಎಂದರೆ, ಅದನ್ನು ಮುಂದಿನ ಕಾರ್ಯಕ್ರಮಕ್ಕೆ ಹೊಂದಿಸಿಕೊಳ್ಳುವಂತೆ ಕೇಳಿ ನೋಡಿ. ನಿಶ್ಚಿತಾರ್ಥದ ಸಂಜೆ ಅದೇ ತಂಡ ಬಂದು ಕುಣಿದರೆ ಯಾರ ಆಕ್ಷೇಪವೂ ಇರಲಾರದು, ಅವಳ ತಂದೆಯೂ ಆ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕುಳಿತಿರುತ್ತಾರೆ.