ಡಿಎನ್‌ಎ ನೋಡಿ ಮಕ್ಕಳ ಕೊಲೆಸ್ಟ್ರಾಲ್ ಎಷ್ಟಾಗುತ್ತೆ ಅಂತ ಹೇಳೋಕೆ ಆಗುತ್ತಾ?

ಗದಗದಿಂದ ನೀವು ಕೇಳಿದ್ದು ಇಷ್ಟು. ತಂದೆಯವರಿಗೆ 47ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿದೆ. ನಿಮ್ಮ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, 204 ಬಂದಿದೆ. ಸಾವಜಿ ಊಟ, ಮಿರ್ಚಿ ಭಜಿ ಎಲ್ಲ ಬಿಟ್ಟರೂ ಇಳಿದಿಲ್ಲ. ಜೀನ್ ಸ್ಕೋರ್ ಮಾಡಿಸಿದರೆ ಇಬ್ಬರು ಮಕ್ಕಳಿಗೆ ಮುಂದೆ ಎಷ್ಟಾಗುತ್ತೆ ಅಂತ ಈಗಲೇ ಗೊತ್ತಾಗುತ್ತಾ?

ನಾನು ಧಾರವಾಡದಲ್ಲಿ ಬಯೋಕೆಮಿಸ್ಟ್ರಿ ಓದಿದ್ದೇನೆ, ಈಗ ಹುಬ್ಬಳ್ಳಿಯ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತೇನೆ. ನೇರವಾಗಿ ಹೇಳುವುದಾದರೆ, ನಿಮ್ಮ ಮನೆಯಲ್ಲಿ ಮೊದಲು ಮಾಡಿಸಬೇಕಾದದ್ದು ಆ ಸ್ಕೋರ್ ಅಲ್ಲ. ಮಕ್ಕಳ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದಲ್ಲಿನ ಕೊಬ್ಬಿನ ಟೆಸ್ಟ್.

ಸ್ಕೋರ್ ಹೇಗೆ ಬರುತ್ತೆ ಅಂತ ಸ್ವಲ್ಪ ನೋಡಿ. ಲಕ್ಷಾಂತರ ಜನರ ಡಿಎನ್‌ಎ ಓದಿ, ಪಕ್ಕದಲ್ಲಿ ಅವರ ಕೊಲೆಸ್ಟ್ರಾಲ್ ಬರೆದಿಡುತ್ತಾರೆ. ಡಿಎನ್‌ಎಯ ಯಾವ ಜಾಗದಲ್ಲಿ ಒಂದು ಅಕ್ಷರ ಬೇರೆಯಾದರೆ ಎಲ್‌ಡಿಎಲ್ ಸರಾಸರಿ ಎಷ್ಟು ಏರುತ್ತೆ ಅಥವಾ ಇಳಿಯುತ್ತೆ ಅಂತ ಲೆಕ್ಕ ಹಾಕುತ್ತಾರೆ. ಹೆಚ್ಚಿನ ಜಾಗಗಳ ಪರಿಣಾಮ ತೀರಾ ಸಣ್ಣದು. ಎಪಿಒಇ ಥರದ ಕೆಲವು ಜೀನ್‌ಗಳದ್ದು ಮಾತ್ರ ದೊಡ್ಡದು. ಏರಿಸುವ ಅಕ್ಷರ ನಿಮ್ಮಲ್ಲಿ ಸೊನ್ನೆ, ಒಂದು, ಎರಡು ಇವುಗಳಲ್ಲಿ ಎಷ್ಟು ಪ್ರತಿ ಇದೆ ನೋಡಿ, ಆ ಜಾಗದ ತೂಕದಿಂದ ಗುಣಿಸಿ, ಎಲ್ಲ ಕೂಡಿಸಿದರೆ ಸ್ಕೋರ್ ಸಿಗುತ್ತೆ.

ಗುಂಪಿನ ಮಟ್ಟದಲ್ಲಿ ಇದು ನಿಜಕ್ಕೂ ಕೆಲಸ ಮಾಡುತ್ತೆ. ಸಾವಿರ ಜನರನ್ನು ಸ್ಕೋರ್ ಪ್ರಕಾರ ಸಾಲಾಗಿ ನಿಲ್ಲಿಸಿದರೆ, ಮೇಲಿನ ನೂರು ಜನರ ಸರಾಸರಿ ಎಲ್‌ಡಿಎಲ್ ಕೆಳಗಿನ ನೂರು ಜನರದ್ದಕ್ಕಿಂತ ಜಾಸ್ತಿ ಇರುತ್ತೆ. ಆದರೆ ಆ ಮೇಲಿನ ನೂರರಲ್ಲೇ ಎಲ್‌ಡಿಎಲ್ ಬರೀ 95 ಇರುವವರೂ ಸಿಗುತ್ತಾರೆ. ವಯಸ್ಸು, ತೂಕ, ಥೈರಾಯ್ಡ್, ಶುಗರ್, ಊಟ, ಮಾತ್ರೆ ಎಲ್ಲಕ್ಕೂ ಇದರಲ್ಲಿ ಪಾಲಿದೆ. ನಿಮ್ಮ ಮಗಳು ಇಂಥ ನಂಬರ್‌ಗೆ ಬರುತ್ತಾಳೆ ಅಂತ ಹೇಳುವ ಶಕ್ತಿ ಆ ಸ್ಕೋರ್‌ಗೆ ಇಲ್ಲ.

ತೂಕಗಳನ್ನು ಯಾರ ರಕ್ತದಿಂದ ಕಟ್ಟಿದ್ದಾರೆ ಅನ್ನುವುದೂ ದೊಡ್ಡ ಪ್ರಶ್ನೆ. ಕೊಲೆಸ್ಟ್ರಾಲ್ ಜೀನ್‌ಗಳ ಬಗ್ಗೆ 2021ರಲ್ಲಿ ಬಂದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಸುಮಾರು 16.5 ಲಕ್ಷ ಜನ ಇದ್ದರು. ಯುರೋಪ್ ಮೂಲದವರಲ್ಲದವರು ಅದರಲ್ಲಿ ಸುಮಾರು 3.5 ಲಕ್ಷ ಮಾತ್ರ. ಇದರಿಂದ ಏನಾಗುತ್ತೆ? ಪಿಸಿಎಸ್‌ಕೆ9 ಜೀನ್ ನೋಡಿ. ಅದನ್ನು ಕೆಲಸ ಮಾಡದಂತೆ ಮಾಡುವ ಎರಡು ಬದಲಾವಣೆಗಳು ಅಮೆರಿಕದ ಕಪ್ಪು ಜನರಲ್ಲಿ ನೂರಕ್ಕೆ ಎರಡು ಮೂರು ಮಂದಿಯಲ್ಲಿ ಸಿಕ್ಕಿದವು. ಅವರ ಎಲ್‌ಡಿಎಲ್ ಶೇ 28ರಷ್ಟು ಕಡಿಮೆ, ಹೃದಯದ ಕಾಯಿಲೆ ಶೇ 88ರಷ್ಟು ಕಡಿಮೆ ಅಂತ 2006ರಲ್ಲಿ ವರದಿಯಾಯಿತು. ಅದೇ ಬದಲಾವಣೆಗಳು ಬಿಳಿಯರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬರೀ ಬಿಳಿಯರನ್ನು ನೋಡಿ ಕಟ್ಟಿದ ಸ್ಕೋರ್‌ಗೆ ಅವು ಕಾಣುವುದೇ ಇಲ್ಲ, ಅಲ್ವಾ? ನಮ್ಮ ಕಡೆಯವರಲ್ಲಿ ಏನೇನಿದೆ ಅಂತ ನಮ್ಮವರನ್ನೇ ನೋಡಿ ತಿಳಿಯಬೇಕು. ಜೀನೋಮ್ ಇಂಡಿಯಾ ಯೋಜನೆ 10 ಸಾವಿರ ಭಾರತೀಯರ ಡಿಎನ್‌ಎ ಓದಿದ್ದು ಅದಕ್ಕೇ ನನಗೆ ಬಹಳ ಮುಖ್ಯ ಅನಿಸುತ್ತೆ.

ಇನ್ನೊಂದು ಮಾತು ಲ್ಯಾಬಿನವನಾಗಿ ಹೇಳಲೇಬೇಕು. ಪಕ್ಕದಲ್ಲಿ ಬರೆದಿಟ್ಟ ಕೊಲೆಸ್ಟ್ರಾಲ್ ನಂಬರ್ ಸರಿ ಇದ್ದರೆ ಮಾತ್ರ ಲೆಕ್ಕ ಸರಿ. ಮಧ್ಯಾಹ್ನ ಮದುವೆ ಊಟ ಮುಗಿಸಿ ನೇರವಾಗಿ ಬಂದವರ ರಕ್ತ ತಿರುಗಿಸಿದಾಗ ಮೇಲೆ ನಿಲ್ಲುವ ಸೀರಮ್ ಕೆಲವೊಮ್ಮೆ ನೀರು ಮಜ್ಜಿಗೆಯ ಹಾಗೆ ಕದಡಿರುತ್ತೆ. ಅದು ಟ್ರೈಗ್ಲಿಸರೈಡ್, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು. ಎಲ್‌ಡಿಎಲ್ 300 ಇರುವವರ ಸೀರಮ್ ಸಾಮಾನ್ಯವಾಗಿ ತಿಳಿಹಳದಿಯಾಗಿ ಸ್ವಚ್ಛವಾಗಿಯೇ ಇರುತ್ತೆ, ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಎಷ್ಟೋ ಕಡೆ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದೂ ಇಲ್ಲ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಕಳೆದು, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯುತ್ತಾರೆ. ಒಟ್ಟು 240, ಎಚ್‌ಡಿಎಲ್ 40, ಟ್ರೈಗ್ಲಿಸರೈಡ್ 150 ಇದ್ದರೆ ಎಲ್‌ಡಿಎಲ್ 170. ಟ್ರೈಗ್ಲಿಸರೈಡ್ ಒಂದೇ 350 ಆಯಿತು ಅನ್ನಿ, ರಿಪೋರ್ಟ್‌ನಲ್ಲಿ 130 ಬರುತ್ತೆ! 400 ದಾಟಿದರೆ ಈ ಸೂತ್ರ ನಂಬುವ ಹಾಗೇ ಇಲ್ಲ. ಅದಕ್ಕೇ ನಿಮ್ಮ 204 ಅನ್ನು ಖಾಲಿ ಹೊಟ್ಟೆಯಲ್ಲಿ ಇನ್ನೊಮ್ಮೆ ಮಾಡಿಸಿ, ಜೊತೆಗೆ ಥೈರಾಯ್ಡ್‌ನ ಟಿಎಸ್‌ಎಚ್ ಟೆಸ್ಟ್ ಕೂಡ. ಥೈರಾಯ್ಡ್ ಕಡಿಮೆ ಇದ್ದರೂ ಎಲ್‌ಡಿಎಲ್ ಏರುತ್ತೆ.

ಅದೂ ಸರಿ ಇದ್ದು ಮತ್ತೆ 190ರ ಮೇಲೆಯೇ ಬಂದರೆ, ನನಗೆ ಅನುಮಾನ ಬರುವುದು ಒಂದೇ ಜೀನ್‌ನ ದೋಷದ ಮೇಲೆ. ತಂದೆಯವರಿಗೆ 55ರ ಒಳಗೇ ಅಟ್ಯಾಕ್ ಆಗಿದೆಯಲ್ಲ, ಅದೂ ಇದಕ್ಕೆ ಸೇರುತ್ತೆ. ಲಿವರ್ ತನ್ನ ಮೇಲಿನ ರಿಸೆಪ್ಟರ್‌ಗಳಿಂದ ಎಲ್‌ಡಿಎಲ್ ಅನ್ನು ಹಿಡಿದು ಒಳಗೆ ಎಳೆದುಕೊಳ್ಳುತ್ತೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಆ ರಿಸೆಪ್ಟರ್‌ನ ಜೀನ್‌ನ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಹುಟ್ಟಿದಾಗಿನಿಂದಲೇ ಎಲ್‌ಡಿಎಲ್ ಜಾಸ್ತಿ. ಭಜಿ ಬಿಟ್ಟರೆ ಹೆಚ್ಚೇನೂ ಇಳಿಯುವುದಿಲ್ಲ. ಜಗತ್ತಿನಲ್ಲಿ ಅಂದಾಜು 250 ಜನರಲ್ಲಿ ಒಬ್ಬರಿಗೆ ಇದು ಇದೆ. ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ನಮ್ಮ ಕಡೆ ಇದಕ್ಕೆ ಇನ್ನೊಂದು ಮಗ್ಗುಲಿದೆ. ಅಕ್ಕನ ಮಗಳನ್ನು ಮದುವೆಯಾಗುವುದು ನಮ್ಮಲ್ಲಿ ಹೊಸದೇನಲ್ಲ. ಈ ದೋಷ ಇರುವ ಗಂಡಸು ಹೊರಗಿನ ಹುಡುಗಿಯನ್ನು ಮದುವೆಯಾದರೆ, ಮಗುವಿಗೆ ಎರಡೂ ಪ್ರತಿ ಕೆಟ್ಟು ಬರುವ ಸಾಧ್ಯತೆ ಅಂದಾಜು 1000ದಲ್ಲಿ ಒಂದು. ಅಕ್ಕನ ಮಗಳಾದರೆ ಆಕೆಗೂ ಅದೇ ದೋಷ ಇರುವ ಸಾಧ್ಯತೆ ನಾಲ್ಕರಲ್ಲಿ ಒಂದು, ಹಾಗಾಗಿ ಮಗುವಿನ ಲೆಕ್ಕ 16ರಲ್ಲಿ ಒಂದು. ಎರಡೂ ಪ್ರತಿ ಕೆಟ್ಟ ಮಕ್ಕಳಲ್ಲಿ ಎಲ್‌ಡಿಎಲ್ 500 ದಾಟುವುದುಂಟು, ಮೊಣಕೈ, ಮೊಣಕಾಲಿನ ಮೇಲೆ ಹಳದಿ ಗಂಟು ಏಳುತ್ತವೆ. ಅದನ್ನು ಬರೀ ಚರ್ಮದ ತೊಂದರೆ ಅಂತ ಮುಲಾಮು ಹಚ್ಚುತ್ತಾ ಕೂರಬಾರದು, ದಯವಿಟ್ಟು. ಎಳೆಯ ವಯಸ್ಸಿನಲ್ಲೇ ಹೃದಯಕ್ಕೆ ಅಪಾಯ ಇದೆ.

ಹಾಗಾಗಿ ನಿಮ್ಮ ಇಬ್ಬರು ಮಕ್ಕಳಿಗೆ ಲಿಪಿಡ್ ಪ್ರೊಫೈಲ್ ಮಾಡಿಸಿ. ಕೆಲವು ನೂರು ರೂಪಾಯಿ ಖರ್ಚು, ಅಷ್ಟೇ. ಎರಡು ವರ್ಷ ದಾಟಿದ ಮಗುವಿಗೂ ಮಾಡಬಹುದು. ಮಗುವಿನ ಎಲ್‌ಡಿಎಲ್ 160 ದಾಟಿದ್ದರೆ ಕಾಯದೆ ಡಾಕ್ಟರಿಗೆ ತೋರಿಸಿ. ಆಮೇಲೆ ಜೀನ್ ಟೆಸ್ಟ್‌ಗೆ ದುಡ್ಡು ಹಾಕುವುದಿದ್ದರೆ ಎಲ್‌ಡಿಎಲ್‌ಆರ್, ಎಪಿಒಬಿ, ಪಿಸಿಎಸ್‌ಕೆ9 ಈ ಮೂರು ಜೀನ್‌ಗಳನ್ನು ಪೂರ್ತಿ ಓದುವ ಟೆಸ್ಟ್ ಕೇಳಿ. ಅಲ್ಲಿ ಏನೂ ಸಿಗಲಿಲ್ಲ ಅಂದರೆ ಸಣ್ಣಸಣ್ಣವೆಲ್ಲ ಸೇರಿ 204 ಆಗಿರಬಹುದು. ಸ್ಕೋರ್‌ಗೆ ಆಗ ಒಂದು ಅರ್ಥ ಬರುತ್ತೆ.

ತಂದೆಯವರ ಹಳೆಯ ಫೈಲ್ ಕೂಡ ಹುಡುಕಿ, ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ) ಶುರು ಮಾಡುವ ಮೊದಲಿನ ರಿಪೋರ್ಟ್ ಬೇಕು. ಅದು ಸಿಗದಿದ್ದರೆ ಈಗಿನ ಎಲ್‌ಡಿಎಲ್ ಅನ್ನು 0.7ರಿಂದ ಭಾಗಿಸಿ. ಸಂಶೋಧಕರೂ ಸುಮಾರಾಗಿ ಹೀಗೇ ಅಂದಾಜು ಮಾಡುತ್ತಾರೆ. ಮಾತ್ರೆ ಮೇಲೆ 140 ಇದ್ದರೆ ಮೂಲದಲ್ಲಿ 200ರ ಹತ್ತಿರ ಇತ್ತು ಅಂತ ಲೆಕ್ಕ. ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರಿಗೂ ಇದನ್ನೇ ಹೇಳಿ, ಅವರ ಮಕ್ಕಳದ್ದೂ ಮಾಡಿಸಲಿ.