ಸ್ನೋಮೊಬೈಲ್‌ಗೆ ಬೇರೆ ಎಕ್ಸಾಸ್ಟ್ ಹಾಕಿಸಿದರೆ ಪವರ್ ಜಾಸ್ತಿ ಆಗುತ್ತಾ? ಯಾವುದು ತಗೊಳ್ಳಲಿ?

ನಿಮ್ಮ ಪ್ರಶ್ನೆ ಓದಿದೆ. ಮಿಷಿಗನ್‌ನ ಹೋಟನ್‌ನಲ್ಲಿ ಓದುತ್ತಿದ್ದೀರಿ. 2019ರ ಸ್ಕಿ-ಡೂ ಎಂಎಕ್ಸ್‌ಝಡ್ 850 ಸ್ನೋಮೊಬೈಲ್ (ಹಿಮದ ಮೇಲೆ ಓಡುವ, ಬೈಕಿನಂತೆ ಕೂತು ನಡೆಸುವ ಗಾಡಿ) ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ, ಟ್ರೇಲ್, ಅಂದರೆ ಅದಕ್ಕೆಂದೇ ಮಾಡಿದ ಹಿಮದ ದಾರಿ ಬಿಟ್ಟು ಬೇರೆಲ್ಲೂ ಓಡಿಸುವುದಿಲ್ಲ. ಕಂಪನಿಯ ಎಕ್ಸಾಸ್ಟ್ ತೆಗೆದು ಬೇರೆ ಹಾಕಿಸಬೇಕು, ಪವರ್ ಬರಬೇಕು, ಸೌಂಡೂ ಚೆನ್ನಾಗಿರಬೇಕು, ಎಲ್ಲಾ ಸಾವಿರ ಡಾಲರ್ ಒಳಗೆ ಆಗಬೇಕು. ಇಷ್ಟು ತಾನೇ?

ನಾನಿರುವುದು ನಿಮ್ಮಿಂದ ನೂರು ಮೈಲಿ ಆಚೆ, ಮಾರ್ಕೆಟ್‌ನಲ್ಲಿ. ಸಂತೆಯಲ್ಲ, ಊರಿನ ಹೆಸರೇ ಅದು. ಮೈಸೂರಿನಿಂದ ಇಲ್ಲಿಗೆ ಬಂದು ಒಂಬತ್ತು ಚಳಿಗಾಲ ಆಯಿತು, ಅದರಲ್ಲಿ ಏಳು ಚಳಿಗಾಲವನ್ನು ಸ್ಲೆಡ್ ಮೇಲೆ ಕಳೆದಿದ್ದೇನೆ. ಇಲ್ಲಿನವರು ಸ್ನೋಮೊಬೈಲನ್ನು ಸ್ಲೆಡ್ ಅನ್ನುತ್ತಾರೆ.

ಮೊದಲು ಉತ್ತರ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಬರೀ ಸೈಲೆನ್ಸರ್ ಬದಲಿಸಿದರೆ ಸದ್ದು ಬರುತ್ತದೆ, ಪವರ್ ಬರುವುದಿಲ್ಲ. ಪವರ್ ಬೇಕಾದರೆ ಪೈಪ್ ಬದಲಿಸಬೇಕು. ಪೈಪ್ ಬದಲಿಸಿದರೆ ಕ್ಲಚ್ ಮುಟ್ಟಲೇಬೇಕು. ಅಲ್ಲಿಗೆ ನಿಮ್ಮ ಸಾವಿರ ಡಾಲರ್ ಖಾಲಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಈ ಸೀಸನ್ ಎಕ್ಸಾಸ್ಟ್ ಕಡೆ ತಲೆ ಹಾಕುತ್ತಿರಲಿಲ್ಲ.

ಪೈಪ್, ಸೈಲೆನ್ಸರ್ ಎರಡನ್ನೂ ಜನ ಎಕ್ಸಾಸ್ಟ್ ಅಂತ ಒಂದೇ ಹೆಸರಲ್ಲಿ ಕರೆಯುವುದರಿಂದ ಗೊಂದಲ. ಹುಡ್ ತೆಗೆದು ನೋಡಿ. ಇಂಜಿನ್ ಮುಂದೆ ಹೆಬ್ಬಾವು ಕುರಿ ನುಂಗಿದ ಹಾಗೆ ಮಧ್ಯದಲ್ಲಿ ದಪ್ಪ, ಎರಡು ತುದಿಯಲ್ಲಿ ಸಣ್ಣ ಇರುವ ಒಂದು ಕೊಳವೆ ಸುತ್ತಿಕೊಂಡಿದೆಯಲ್ಲ, ಅದು ಪೈಪ್. ಅದರ ಬಾಲಕ್ಕೆ ಸ್ಪ್ರಿಂಗ್‌ಗಳಿಂದ ಸಿಕ್ಕಿಸಿರುವ ಡಬ್ಬ ಸೈಲೆನ್ಸರ್. ಇಲ್ಲಿನವರು ಅದನ್ನು ಕ್ಯಾನ್ ಅನ್ನುತ್ತಾರೆ. ಇನ್ನೂರು ಮುನ್ನೂರು ಡಾಲರ್‌ಗೆ ಎಕ್ಸಾಸ್ಟ್ ಅಂತ ಮಾರುವುದೆಲ್ಲ ಸಾಮಾನ್ಯವಾಗಿ ಈ ಡಬ್ಬ ಮಾತ್ರ.

ನಿಮ್ಮದರಂಥ ಟೂ-ಸ್ಟ್ರೋಕ್ ಇಂಜಿನ್‌ನಲ್ಲಿ ಕೆಲಸ ಮಾಡುವುದು ಹೆಬ್ಬಾವು, ಡಬ್ಬ ಅಲ್ಲ. ಸಿಲಿಂಡರ್‌ನಲ್ಲಿ ಎಕ್ಸಾಸ್ಟ್‌ಗೆ ಕಾರಿನ ಇಂಜಿನ್‌ನಲ್ಲಿರುವಂಥ ತೆರೆದು ಮುಚ್ಚುವ ವಾಲ್ವ್ ಇಲ್ಲ, ಗೋಡೆಯಲ್ಲಿ ಒಂದು ಕಿಂಡಿ ಅಷ್ಟೆ. ಪಿಸ್ಟನ್ ಕೆಳಗಿಳಿದಾಗ ಕಿಂಡಿ ತೆರೆಯುತ್ತದೆ, ಹೊಗೆ ಆಚೆ ಹೋಗುತ್ತದೆ. ಅದರ ಬೆನ್ನಿಗೇ ಒಳಬಂದ ಹೊಸ ಗಾಳಿಯೂ ಸ್ವಲ್ಪ ಅದೇ ಕಿಂಡಿಯಿಂದ ಜಾರಿಕೊಳ್ಳುತ್ತದೆ. ಪೈಪ್ ಅಗಲವಾಗುತ್ತಾ ಹೋಗುವ ಕಡೆಯಿಂದ ಒಂದು ಎಳೆತದ ಅಲೆ ವಾಪಸ್ ಬಂದು ಹೊಗೆಯನ್ನು ಹೊರಗೆ ಎಳೆಯುತ್ತದೆ. ಮತ್ತೆ ಕಿರಿದಾಗುವ ಕಡೆಯಿಂದ ಒತ್ತಡದ ಅಲೆ ಬರುತ್ತದೆ. ಕಿಂಡಿ ಮುಚ್ಚುವ ಸ್ವಲ್ಪ ಮೊದಲು ಅದು ತಲುಪಿದರೆ, ಜಾರಿಕೊಂಡಿದ್ದನ್ನು ಒಳಗೆ ತಳ್ಳಿಬಿಡುತ್ತದೆ. ಮದುವೆ ಮನೆಯಿಂದ ಹೊರಟ ನೆಂಟರನ್ನು ಬಾಗಿಲಲ್ಲಿ ತಡೆದು ಊಟಕ್ಕೆ ಕೂರಿಸಿದ ಹಾಗೆ. ನಿಮ್ಮ ಸ್ಲೆಡ್‌ನ ಇ-ಟೆಕ್ ಇಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರ್‌ಗೇ ಸಿಂಪಡಣೆ ಆಗುವುದರಿಂದ ಹೀಗೆ ಹೋಗಿ ಬರುವುದು ಹೆಚ್ಚಾಗಿ ಬರೀ ಗಾಳಿ. ಲೆಕ್ಕ ಮಾತ್ರ ಅದೇ.

ಈ ಲೆಕ್ಕವನ್ನು ಪಕ್ಕಾ ಮಾಡಿದ್ದು 1950ರ ದಶಕದಲ್ಲಿ, ಪೂರ್ವ ಜರ್ಮನಿಯ ಎಂಝಡ್ ಮೋಟಾರ್‌ಸೈಕಲ್ ಕಾರ್ಖಾನೆಯ ವಾಲ್ಟರ್ ಕಾಡೆನ್. 1961ರಲ್ಲಿ ಅವರ ರೇಸರ್ ಎರ್ನ್ಸ್ಟ್ ಡೆಗ್ನರ್ ದೇಶ ಬಿಟ್ಟು ಓಡಿಹೋಗಿ ಆ ಗುಟ್ಟನ್ನು ಸುಝುಕಿಗೆ ಕೊಟ್ಟರು. ಮರುವರ್ಷ ಸುಝುಕಿ 50 ಸಿಸಿ ವಿಶ್ವ ಚಾಂಪಿಯನ್. ಒಂದು ಕೊಳವೆಯ ಆಕಾರಕ್ಕೆ ಇಷ್ಟೆಲ್ಲ ನಡೆದಿದೆ ನೋಡಿ.

ನನಗೆ ಇದು ಅರ್ಥವಾಗಿದ್ದು ಅಮೆರಿಕದಲ್ಲಲ್ಲ, ಮೈಸೂರಿನಲ್ಲಿ. ನಮ್ಮಪ್ಪನ ಹತ್ತಿರ ಯೆಜ್ಡಿ ಇತ್ತು, ನಮ್ಮೂರಲ್ಲೇ ಐಡಿಯಲ್ ಜಾವಾದವರು ತಯಾರಿಸಿದ್ದು. ಒಂದೇ ಸಿಲಿಂಡರ್‌ಗೆ ಎರಡು ಸೈಲೆನ್ಸರ್. ಕಾಲೇಜಿನ ದಿನಗಳಲ್ಲಿ ಗೆಳೆಯರ ಮಾತು ಕೇಳಿ ಒಳಗೆ ಸದ್ದು ತಡೆಯುವ ಬ್ಯಾಫಲ್ ಕಿತ್ತು ಓಡಿಸಿದೆ. ಸದ್ದು ಕೇಳಿ ಅಕ್ಕಪಕ್ಕದ ಬೀದಿಯವರೂ ತಿರುಗಿ ನೋಡುತ್ತಿದ್ದರು. ಚಾಮುಂಡಿ ಬೆಟ್ಟ ಹತ್ತುವಾಗ ಮಾತ್ರ ಮೊದಲಿದ್ದ ಎಳೆತ ಇರಲಿಲ್ಲ, ಮೂರನೇ ಗೇರಿನಲ್ಲಿ ಹತ್ತುತ್ತಿದ್ದ ತಿರುವಿಗೆ ಎರಡಕ್ಕೆ ಇಳಿಸಬೇಕಾಯಿತು. ಅಪ್ಪ ಏನೂ ಬೈಯಲಿಲ್ಲ. ಬ್ಯಾಫಲ್‌ಗಳಿಗೆ ಅಂಟಿದ್ದ ಕರಿಯನ್ನು ಬೆಂಕಿಗೆ ಹಾಕಿ ಸುಟ್ಟು ಕೆರೆದು ವಾಪಸ್ ಹಾಕಿಸಿದರು. ಸದ್ದು ಹೆಚ್ಚಾದರೆ ಗಾಡಿ ಜೋರಾಗಿದೆ ಅಂತ ಕಿವಿ ನಂಬಿಬಿಡುತ್ತದೆ. ಸ್ಲೆಡ್ ಮೇಲೂ ಅದೇ ಆಗುವುದು.

ಇನ್ನು ಕ್ಲಚ್. ಆಕ್ಟಿವಾ ಸ್ಕೂಟರ್‌ನಲ್ಲಿ ಬೆಲ್ಟ್, ರೋಲರ್ ಇರುತ್ತದಲ್ಲ, ನಿಮ್ಮ ಸ್ಲೆಡ್‌ನದೂ ಅದೇ ಜಾತಿ, ಬಹಳ ದೊಡ್ಡದು ಅಷ್ಟೆ. ನೀವು ಥ್ರಾಟಲ್ ಪೂರ್ತಿ ಒತ್ತಿದರೆ ಕ್ಲಚ್ಚಿನೊಳಗಿನ ತೂಕ ಮತ್ತು ಸ್ಪ್ರಿಂಗ್ ಸೇರಿ ಇಂಜಿನ್ನನ್ನು ಒಂದೇ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಇಷ್ಟು ಸುತ್ತು ಅನ್ನುವ ಲೆಕ್ಕ) ಹಿಡಿದಿಡುತ್ತವೆ. ಪೈಪಿನ ಅಲೆ ಸರಿಯಾದ ಹೊತ್ತಿಗೆ ಬರುವುದೂ ಅದೇ ಆರ್‌ಪಿಎಂನಲ್ಲಿ. ಕಂಪನಿಯವರು ಇವೆರಡನ್ನೂ ಜೋಡಿ ಮಾಡಿಯೇ ಕಳಿಸಿರುತ್ತಾರೆ. ನೀವು ಬೇರೆ ಪೈಪ್ ಹಾಕಿದರೆ ಜೋಡಿ ಮುರಿಯಿತು. ಹೊಸ ಪೈಪಿಗೆ ಇನ್ನೂರು ಆರ್‌ಪಿಎಂ ಜಾಸ್ತಿ ಬೇಕು, ಕ್ಲಚ್ ಹಳೆಯದಕ್ಕೇ ಹಿಡಿದುಕೊಂಡಿದೆ ಅಂದರೆ, ದುಡ್ಡು ಕೊಟ್ಟು ನಿಧಾನ ಆದಿರಿ. ತೂಕ ಕಡಿಮೆ ಮಾಡಿದರೆ ಆರ್‌ಪಿಎಂ ಏರುತ್ತದೆ, ಜಾಸ್ತಿ ಮಾಡಿದರೆ ಇಳಿಯುತ್ತದೆ. ಹೇಳುವುದಕ್ಕೆ ಸುಲಭ. ನಾನು ಒಂದು ಇಡೀ ಶನಿವಾರ ಹಿಮದಲ್ಲಿ ಮಂಡಿಯೂರಿ ಇದನ್ನೇ ಮಾಡಿದ್ದೇನೆ, ಬೆರಳು ಮರಗಟ್ಟಿ ಒಂದು ಬೋಲ್ಟ್ ಹಿಮದೊಳಗೆ ಬಿದ್ದು ಏಪ್ರಿಲ್‌ವರೆಗೂ ಸಿಗಲಿಲ್ಲ.

ಪೈಪ್ ಬಿಸಿಯಾದಷ್ಟೂ ಅಲೆಯ ವೇಗ ಹೆಚ್ಚುತ್ತದೆ, ಅದೊಂದು ಬೇರೆ ತಲೆನೋವು. ತಣ್ಣಗಿರುವ ಪೈಪಿನ ಮೇಲೆ ಮಾಡಿದ ಸೆಟ್ಟಿಂಗ್ ಐದು ಮೈಲಿ ಓಡಿದ ಮೇಲೆ ತಪ್ಪಾಗಿ ಕಾಣುತ್ತದೆ. ಕಾರ್ಬ್ಯುರೇಟರ್ ಇರುವ ಹಳೇ ಸ್ಲೆಡ್ ಆದರೆ ಪೆಟ್ರೋಲ್ ಬಿಡುವ ಜೆಟ್‌ಗಳನ್ನೂ ಬದಲಿಸಬೇಕು, ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಪಿಸ್ಟನ್ ಕರಗುತ್ತದೆ. ನಿಮ್ಮದಕ್ಕೆ ಆ ಕಾಟ ಇಲ್ಲ. ಆದರೆ ಎಕ್ಸಾಸ್ಟ್ ಎಷ್ಟು ಬಿಸಿ ಇದೆ ಅಂತ ನೋಡುವ ಸೆನ್ಸರ್ ಇದೆ. ಕಂಪ್ಯೂಟರ್ ಅದನ್ನೂ ನೋಡಿಕೊಂಡೇ ಇಂಜಿನ್ ನಡೆಸುತ್ತದೆ. ಹೊಸ ಭಾಗದಲ್ಲಿ ಆ ಸೆನ್ಸರ್ ಕೂರುವ ಜಾಗ ಇಲ್ಲದಿದ್ದರೆ ಆ ಭಾಗವನ್ನು ಕೊಳ್ಳಲೇಬೇಡಿ.

ಈಗ ನನ್ನ ಮೂರ್ಖತನ. ನನ್ನ ಮೊದಲ ಸ್ಲೆಡ್‌ಗೆ ಆನ್‌ಲೈನ್‌ನಲ್ಲಿ 180 ಡಾಲರ್‌ಗೆ ಒಂದು ಹಗುರ ಡಬ್ಬ ತರಿಸಿದೆ. ಬಾತ್‌ರೂಮ್ ತಕ್ಕಡಿಯ ಮೇಲೆ ಹಳೆಯದನ್ನೂ ಹೊಸದನ್ನೂ ಹಿಡಿದು ನಿಂತು ನೋಡಿದೆ, ಆರು ಪೌಂಡ್ ವ್ಯತ್ಯಾಸ. ಖುಷಿಯೋ ಖುಷಿ. ಆ ಚಳಿಗಾಲ ನಾನೇ ಎಂಟು ಪೌಂಡ್ ಏರಿದ್ದೆ ಅನ್ನುವುದು ಬೇರೆ ವಿಷಯ. ಮೂರನೇ ರೈಡ್‌ನಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ನಿಲ್ಲಿಸಿ ನೋಡಿದರೆ ಬಲಗಡೆಯ ಪ್ಯಾನೆಲ್ ಎಣ್ಣೆಗೆ ಬಿಟ್ಟ ಹಪ್ಪಳದ ಥರ ಉಬ್ಬಿ ನಿಂತಿದೆ. ಕಂಪನಿಯ ಡಬ್ಬ ಸುಮ್ನೆ ಭಾರ ಇರುವುದಿಲ್ಲ. ಒಳಗೆ ಎರಡು ಪದರ, ನಡುವೆ ಶಾಖ ತಡೆಯುವ ಹೊದಿಕೆ. ಅದನ್ನೆಲ್ಲ ಕಿತ್ತುಹಾಕಿಯೇ ಇವರು ಹಗುರ ಮಾಡಿದ್ದು. ಹೊಸ ಪ್ಯಾನೆಲ್‌ಗೆ ಕೊಟ್ಟ ದುಡ್ಡು ಡಬ್ಬದ ಬೆಲೆಗಿಂತ ಜಾಸ್ತಿ ಆಯಿತು.

ಅಷ್ಟಕ್ಕೇ ಮುಗಿಯಲಿಲ್ಲ. ನಾವು ಓಡಾಡುವ ಒಂದು ಟ್ರೇಲ್ ಒಬ್ಬ ರೈತರ ಹೊಲದ ಅಂಚಿನಲ್ಲಿ ಹಾದುಹೋಗುತ್ತಿತ್ತು. ಫೆಬ್ರವರಿಯಲ್ಲಿ ನಮ್ಮ ಸ್ನೋಮೊಬೈಲ್ ಕ್ಲಬ್ಬಿನ ಮೀಟಿಂಗ್‌ಗೆ ಅವರೇ ಬಂದರು. ಜಗಳ ಆಡಲಿಲ್ಲ. ರಾತ್ರಿ ಹನ್ನೊಂದಕ್ಕೆ ಕಿಟಕಿ ಗಾಜು ನಡುಗುತ್ತದೆ, ಮುಂದಿನ ವರ್ಷ ಬೇರೆ ದಾರಿ ನೋಡಿಕೊಳ್ಳಿ ಅಂದರು, ಟೋಪಿ ಹಾಕಿಕೊಂಡು ಹೋದರು. ಹೆಸರು ಹೇಳಲಿಲ್ಲ, ಆದರೂ ಅರ್ಧ ಜನ ನನ್ನ ಕಡೆ ನೋಡಿದರು. ಈಗ ಅಲ್ಲಿ ಆರು ಮೈಲಿ ರಸ್ತೆ ಪಕ್ಕದಲ್ಲಿ ಹೋಗಬೇಕು. ಇಲ್ಲಿ ಎಷ್ಟೋ ಟ್ರೇಲ್ ಖಾಸಗಿ ಜಮೀನಿನ ಮೇಲಿವೆ. ಮಾಲೀಕರು ಬೇಡ ಅಂದರೆ ಮುಗಿಯಿತು.

ಕಾನೂನೂ ಇದೆ. ಮಿಷಿಗನ್‌ನಲ್ಲಿ ನಿಂತ ಸ್ಲೆಡ್‌ನ ಸದ್ದು 13.1 ಅಡಿ ದೂರದಲ್ಲಿ 88 ಡೆಸಿಬಲ್ ದಾಟಬಾರದು. ಅಳೆಯುವ ವಿಧಾನದ ಹೆಸರು ಎಸ್‌ಎಇ ಜೆ2567. ಕಾರ್ಖಾನೆಯಿಂದ ಬರುವಾಗಿನ ಪರೀಕ್ಷೆ ಬೇರೆ: ಪೂರ್ತಿ ಥ್ರಾಟಲ್‌ನಲ್ಲಿ 50 ಅಡಿ ದೂರಕ್ಕೆ 78 ಡೆಸಿಬಲ್. ಒಂದು ಕ್ಯಾನ್ ಮಾರುವವರು ಜೆ2567 ಪ್ರಕಾರ ಇಷ್ಟು ಅಂತ ಅಂಕಿ ಬರೆದಿದ್ದರೆ ಮುಂದೆ ಓದಿ. ಆಳವಾದ ಗತ್ತಿನ ಧ್ವನಿ, ಸಿಂಹ ಘರ್ಜನೆ ಅಂತೆಲ್ಲ ಬರೆದು ಅಂಕಿ ಕೊಟ್ಟಿಲ್ಲ ಅಂದರೆ ಬಿಟ್ಟುಬಿಡಿ. ರೇಸ್ ಅಂತ ಬರೆದಿರುವುದು ರೇಸ್‌ಗೇ, ಟ್ರೇಲ್‌ಗಲ್ಲ. ಅಂದಹಾಗೆ, ನೀವು ಮಿಷಿಗನ್ ಟೆಕ್‌ನಲ್ಲೇ ಓದುತ್ತಿದ್ದರೆ ಕ್ಲೀನ್ ಸ್ನೋಮೊಬೈಲ್ ಚಾಲೆಂಜ್ ಈ ವರ್ಷ ನಡೆಯುತ್ತದಾ ಅಂತ ವಿಚಾರಿಸಿ, ನಡೆದರೆ ನೋಡಲು ಹೋಗಿ. 2000ದಲ್ಲಿ ವಯೋಮಿಂಗ್‌ನಲ್ಲಿ ಶುರುವಾಗಿ 2003ರಲ್ಲಿ ನಿಮ್ಮೂರಿಗೆ ಬಂದ ಸ್ಪರ್ಧೆ. ನಿಮ್ಮ ವಯಸ್ಸಿನ ಹುಡುಗರು ಹುಡುಗಿಯರೇ ಸ್ಲೆಡ್‌ನ ಹೊಗೆ, ಸದ್ದು ಎರಡನ್ನೂ ಇಳಿಸಲು ಒದ್ದಾಡುತ್ತಾರೆ. ಒಳ್ಳೆಯ ಸೈಲೆನ್ಸರ್ ಒಳಗೆ ಏನಿರುತ್ತದೆ ಅಂತ ಕೇಳಿದರೆ ಬಿಚ್ಚಿ ತೋರಿಸಿದರೂ ತೋರಿಸಿಯಾರು.

ಹಾಗಾದರೆ ಯಾರೂ ಹಾಕಿಸಬಾರದಾ? ಹಾಗೇನಿಲ್ಲ. ಕೊಲರಾಡೊ, ವಯೋಮಿಂಗ್ ಬೆಟ್ಟಗಳಲ್ಲಿ ಹತ್ತು ಸಾವಿರ ಅಡಿ ಮೇಲೆ ಗಾಳಿ ತೆಳು. ಟರ್ಬೊ ಇಲ್ಲದ ಇಂಜಿನ್ ಹೆಚ್ಚು ಕಡಿಮೆ ಮೂರನೇ ಒಂದು ಭಾಗ ಪವರ್ ಅಲ್ಲೇ ಕಳೆದುಕೊಳ್ಳುತ್ತದೆ. ಸೊಂಟದವರೆಗಿನ ಹಿಮದಲ್ಲಿ ಸ್ಲೆಡ್ ಎತ್ತಿ ತಿರುಗಿಸುವವರಿಗೆ ಆರು ಪೌಂಡ್ ದೊಡ್ಡದು, ನಾಲ್ಕು ಕುದುರೆಯೂ (ಹಾರ್ಸ್‌ಪವರ್) ದೊಡ್ಡದು. ನಿಮಗೆ ಕಂಪನಿಯೇ 165 ಕುದುರೆ ಕೊಟ್ಟಿದೆ. ಮರಗಳ ನಡುವಿನ ಟ್ರೇಲ್‌ನಲ್ಲಿ ಅದನ್ನು ಪೂರ್ತಿ ಬಳಸುವುದು ದಿನಕ್ಕೆ ಎಷ್ಟು ಸೆಕೆಂಡ್, ನೀವೇ ಹೇಳಿ.

ಇಷ್ಟೆಲ್ಲ ಹೇಳಿದ ಮೇಲೂ ಬೇಕೇ ಬೇಕು ಅಂದರೆ, ಟ್ರೇಲ್‌ಗೆ ಅಂತಲೇ ಮಾಡಿದ ಕ್ಯಾನ್ ತಗೊಳ್ಳಿ. ಒಂಟಾರಿಯೊದ ಎಂಬಿಆರ್‌ಪಿ, ಐಡಾಹೊದ ಸ್ಟಾರ್ಟಿಂಗ್ ಲೈನ್ ಪ್ರಾಡಕ್ಟ್ಸ್ ಈ ಕೆಲಸದಲ್ಲಿ ಹಳಬರು. ಹೆಸರಿಗಿಂತ ಮುಖ್ಯ, ನಿಮ್ಮ ಮಾಡೆಲ್ ಮತ್ತು ವರ್ಷಕ್ಕೇ ಮಾಡಿದ್ದಾ ಅಂತ ನೋಡುವುದು. ಸ್ವಲ್ಪ ಬಗ್ಗಿಸಿದರೆ ಕೂರುತ್ತದೆ ಅನ್ನುವುದು ಬೇಡ. ಕೀಲಿನ ಗ್ಯಾಸ್ಕೆಟ್, ಸ್ಪ್ರಿಂಗ್ ಹೊಸದೇ ಹಾಕಿ, ಸ್ಪ್ರಿಂಗ್ ಎಳೆಯುವ ಕೊಕ್ಕೆ ಹತ್ತು ಹದಿನೈದು ಡಾಲರ್, ಅದನ್ನೂ ಕೊಳ್ಳಿ. ಕಟಿಂಗ್ ಪ್ಲೇಯರ್‌ನಲ್ಲಿ ಎಳೆಯಲು ಹೋಗಿ ನನ್ನ ಹೆಬ್ಬೆರಳಿನ ಉಗುರು ಹೋಗಿದೆ. ಒಳಗೆ ನಾರಿನ ಪ್ಯಾಕಿಂಗ್ ಇರುವ ಡಬ್ಬ ಆದರೆ ಅದು ಎಣ್ಣೆ ಕುಡಿದು ಹಾಳಾಗುತ್ತದೆ, ಆಗ ಸದ್ದು ಏರುತ್ತದೆ. ಅದನ್ನು ಬದಲಿಸಲು ಬಿಚ್ಚಲು ಬರುತ್ತಾ ಅಂತ ಮೊದಲೇ ಕೇಳಿ.

ನಾನಾದರೆ ಆ ಸಾವಿರ ಡಾಲರನ್ನು ಹೀಗೆ ಹಾಕುತ್ತೇನೆ. ಸೆಕೆಂಡ್ ಹ್ಯಾಂಡ್ ಸ್ಲೆಡ್, ಆದ್ದರಿಂದ ಮೊದಲು ಕ್ಲಚ್ ಬಿಚ್ಚಿಸಿ ಸವೆದ ಬುಶ್, ಸ್ಪ್ರಿಂಗ್ ಬದಲಿಸುವುದು. ಹೊಸ ಬೆಲ್ಟ್ ಒಂದು, ಹಳೆಯದು ಸೀಟಿನ ಹಿಂದೆ ಸ್ಪೇರ್. ಮುಂದಿನ ಸ್ಕೀ ಕೆಳಗಿರುವ ಕಾರ್ಬೈಡ್ ಪಟ್ಟಿ ಸವೆದಿದ್ದರೆ ಹೊಸದು, ತಿರುವಿನಲ್ಲಿ ಹಿಡಿತ ಕೊಡುವುದು ಅದೇ. ಐಸ್ ಸ್ಕ್ರ್ಯಾಚರ್ ಇಲ್ಲದಿದ್ದರೆ ಹಾಕಿಸಿ. ಟ್ರೇಲ್ ಗಟ್ಟಿಯಾದ ದಿನ ಅವು ಹಿಮ ಕೆರೆದು ಹಾರಿಸುತ್ತವೆ, ಆ ಹಿಮ ಬಿದ್ದೇ ಇಂಜಿನ್ ತಣ್ಣಗಾಗುವುದು. ಕ್ಲಚ್ ರಿಪೇರಿ ಆದ ದಿನ ಓಡಿಸಿ ನೋಡಿ. ನಿಮಗೆ ಬೇಕಾಗಿದ್ದ ಎಳೆತ ಬಹುಶಃ ಅಲ್ಲೇ ಸಿಕ್ಕಿಬಿಡುತ್ತದೆ.

ಅದಕ್ಕೂ ಮೊದಲು ಒಂದು ಕೆಲಸ ಮಾಡಿ, ದುಡ್ಡಿಲ್ಲದ್ದು. ನೇರವಾದ, ಖಾಲಿಯಾದ ಜಾಗದಲ್ಲಿ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಐದಾರು ಸೆಕೆಂಡ್ ಪೂರ್ತಿ ಥ್ರಾಟಲ್ ಕೊಡಿ. ಮೀಟರ್‌ನಲ್ಲಿ ಆರ್‌ಪಿಎಂ ಎಲ್ಲಿಗೆ ಹೋಗಿ ನಿಲ್ಲುತ್ತದೆ, ನಿಲ್ಲುತ್ತದಾ ಅಥವಾ ಅಲುಗಾಡುತ್ತದಾ, ಅವತ್ತಿನ ಚಳಿ ಎಷ್ಟಿತ್ತು, ಈ ಮೂರನ್ನೂ ಇಲ್ಲಿ ಬರೆದು ಹಾಕಿ. ನೋಡಿ ಕ್ಲಚ್ ಬಗ್ಗೆ ಹೇಳುತ್ತೇನೆ.