ಟಿಪಿಒ ಪಾಸಿಟಿವ್ ಬಂದಿದೆ, ಈಗೇನು ಮಾಡೋದು?

ಮಕ್ಕಳ ನಡವಳಿಕೆ ಇದ್ದಕ್ಕಿದ್ದಂತೆ ಬದಲಾದ ಬಗ್ಗೆ ಬಂದಿರುವ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಚ್ಚಿನ ಪತ್ರಗಳಲ್ಲಿ ಕಥೆ ಒಂದೇ. ಮಗುವನ್ನು ಕರೆದುಕೊಂಡು ಹೋಗಿದ್ದು ಮನಸ್ಸಿನ ತೊಂದರೆಗೆ, ರಿಪೋರ್ಟಿನಲ್ಲಿ ಸಿಕ್ಕಿದ್ದು ಥೈರಾಯ್ಡ್, ಇಲ್ಲವೇ ಆ ಗ್ರಂಥಿಯ ವಿರುದ್ಧ ದೇಹ ಮಾಡಿಕೊಂಡ ಟಿಪಿಒ ಪ್ರತಿಕಾಯ. ಎರಡಕ್ಕೂ ಏನು ಸಂಬಂಧ ಅಂತ ಯಾರೂ ಕೂರಿಸಿ ಹೇಳಿಲ್ಲ. ಬರೆದವರ ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ಮಗನಿಗೆ 9 ವರ್ಷ. ದೀಪಾವಳಿ ಆದಮೇಲೆ ಗಂಟಲು ನೋವು, ಜ್ವರ ಬಂದು ಹೋಯಿತು. ಹತ್ತು ದಿನಕ್ಕೆ ಕೈ ತೊಳೆಯುವ ಗೀಳು ಶುರುವಾಯಿತು. ದಿನಕ್ಕೆ ನಲವತ್ತು ಸಲ ತೊಳೆಯುತ್ತಾನೆ. ಕಣ್ಣು ಮಿಟುಕಿಸುತ್ತಾನೆ, ರಾತ್ರಿ ನನ್ನನ್ನು ಬಿಟ್ಟು ಮಲಗೋದಿಲ್ಲ, ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾನೆ. ಡಾಕ್ಟರು ಪಾಂಡಾಸ್ ಇರಬಹುದು ಅಂದರು. ರಕ್ತದಲ್ಲಿ ಟಿಎಸ್‌ಎಚ್ 6.2, ಆಂಟಿ ಟಿಪಿಒ ಪಾಸಿಟಿವ್. ಎಲ್ಲ ಥೈರಾಯ್ಡ್‌ನಿಂದಲೇ ಆಗಿದ್ದಾ? ಮಾತ್ರೆ ಕೊಟ್ಟರೆ ಸರಿಹೋಗುತ್ತಾನಾ? (ದಾವಣಗೆರೆ)

ಉತ್ತರ: ಇಲ್ಲಮ್ಮ. ಟಿಎಸ್‌ಎಚ್ ಅಂದರೆ ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳುವ ಹಾರ್ಮೋನ್; ಥೈರಾಯ್ಡ್ ಕಡಿಮೆಯಾದರೆ ಅದು ಏರುತ್ತದೆ, ಜಾಸ್ತಿಯಾದರೆ ಇಳಿಯುತ್ತದೆ. ಟಿಎಸ್‌ಎಚ್ 6.2 ಇದ್ದ ಮಾತ್ರಕ್ಕೆ ಮಗು ಹತ್ತು ದಿನದಲ್ಲಿ ಹೀಗೆ ಬದಲಾಗೋದಿಲ್ಲ. ಥೈರಾಯ್ಡ್ ಕಡಿಮೆಯಾದ ಮಗು ನಿಧಾನವಾಗಿ ಮಂಕಾಗುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಜೊತೆಯಲ್ಲೇ ಇರುವವರಿಗೆ ಗೊತ್ತೇ ಆಗೋದಿಲ್ಲ. ನೀವಾದರೆ ದಿನ ಎಣಿಸಿ ಹೇಳುತ್ತಿದ್ದೀರಿ. ಯಾವ ರಕ್ತ ಪರೀಕ್ಷೆಗಿಂತಲೂ ನನಗೆ ಮೊದಲು ಬೇಕಾಗಿದ್ದು ಆ ಲೆಕ್ಕವೇ.

ಮೊದಲು ಪಾಂಡಾಸ್ ವಿಷಯ. 1998ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಸೂಸನ್ ಸ್ವೀಡೋ ಮತ್ತು ಅವರ ಜೊತೆಯವರು ಇಂಥ 50 ಮಕ್ಕಳ ವಿವರ ಬರೆದು ಈ ಹೆಸರನ್ನು ಚಾಲ್ತಿಗೆ ತಂದರು. ಗಂಟಲಿಗೆ ಸ್ಟ್ರೆಪ್ಟೊಕಾಕಸ್ ಸೋಂಕು ಬಂದಾಗ ಅದರ ಮೇಲೆ ಹೋರಾಡಲು ದೇಹ ಮಾಡಿಕೊಂಡ ಪ್ರತಿಕಾಯಗಳು ಮಿದುಳಿನ ಒಳಗಿರುವ ಬೇಸಲ್ ಗ್ಯಾಂಗ್ಲಿಯಾ ಅನ್ನೋ ಭಾಗಕ್ಕೂ ಅಂಟಿಕೊಂಡು ಕಾಟ ಕೊಡುತ್ತವೆ ಅನ್ನೋದು ಅವರ ವಾದ. ಸೋಂಕು ಯಾವುದೆಂದು ಸಿಗದೆ ಲಕ್ಷಣ ಮಾತ್ರ ಹೀಗೇ ಇದ್ದರೆ ಪ್ಯಾನ್ಸ್ ಅನ್ನುತ್ತಾರೆ. ಆ ಹೆಸರು ಬಂದಿದ್ದು 2012ರಲ್ಲಿ. ವೈದ್ಯರಲ್ಲಿ ಇದರ ಬಗ್ಗೆ ಇನ್ನೂ ಒಮ್ಮತ ಇಲ್ಲ. ಇದು ಹೌದು ಅಂತ ಹೇಳುವ ಒಂದೇ ಒಂದು ರಕ್ತ ಪರೀಕ್ಷೆಯೂ ಇಲ್ಲ. ಸ್ಟ್ರೆಪ್ ವಿರುದ್ಧದ ಪ್ರತಿಕಾಯ ಅಳೆಯುವ ಎಎಸ್‌ಒ ಪರೀಕ್ಷೆಯಲ್ಲಿ ಅಂಕಿ ಜಾಸ್ತಿ ಇದ್ದರೆ ಹಿಂದೆ ಯಾವಾಗಲೋ ಸ್ಟ್ರೆಪ್ ಬಂದು ಹೋಗಿದೆ ಅಂತ ಅರ್ಥ, ಅಷ್ಟೇ.

ಹಾಗಾದರೆ ಥೈರಾಯ್ಡ್ ಎಲ್ಲಿಂದ ಬಂತು? ದೇಹ ತನ್ನ ಮೇಲೆ ತಾನೇ ತಿರುಗಿ ಬೀಳುವ ಗುಣ ಕೆಲವು ಕುಟುಂಬಗಳಲ್ಲಿ ಹರಿದು ಬರುತ್ತದೆ. ಅಜ್ಜಿಗೆ ಥೈರಾಯ್ಡ್, ಚಿಕ್ಕಮ್ಮನಿಗೆ ತೊನ್ನು, ಸೋದರಮಾವನ ಮಗಳಿಗೆ ಚಿಕ್ಕ ವಯಸ್ಸಿನಿಂದ ಇನ್ಸುಲಿನ್, ಹೀಗೆ. ಒಂದು ಭಾನುವಾರ ಕೂತು ಎರಡೂ ಕಡೆಯವರನ್ನು ಕೇಳಿ ಬರೆದುಕೊಳ್ಳಿ, ಡಾಕ್ಟರಿಗೆ ಅದು ಬಹಳ ಉಪಯೋಗಕ್ಕೆ ಬರುತ್ತದೆ. ಟಿಪಿಒ ಅಂದರೆ ಹಾರ್ಮೋನ್ ತಯಾರಿಸಲು ಥೈರಾಯ್ಡ್ ಗ್ರಂಥಿ ಬಳಸುವ ಒಂದು ಕಿಣ್ವ. ಅದರ ಮೇಲೆ ಪ್ರತಿಕಾಯ ಇದೆ ಅಂದರೆ ಗ್ರಂಥಿಯ ಮೇಲೆ ದೇಹದ ಕಣ್ಣು ಬಿದ್ದಿದೆ ಅಂತ. ಹಾಗಿದ್ದೂ ವರ್ಷಗಟ್ಟಲೆ ಗ್ರಂಥಿ ಚೆನ್ನಾಗಿಯೇ ಕೆಲಸ ಮಾಡುವವರು ಬೇಕಾದಷ್ಟು ಜನ ಇದ್ದಾರೆ.

ಈಗ ಮಾಡಬೇಕಾದ್ದು: ಫ್ರೀ ಟಿ4 (ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನ್) ಜೊತೆಗೆ ಟಿಎಸ್‌ಎಚ್ ಅನ್ನು 6ರಿಂದ 8 ವಾರ ಬಿಟ್ಟು ಮತ್ತೆ ಮಾಡಿಸಿ. ಕಾಯಿಲೆ ಬಿದ್ದಾಗ, ಚೇತರಿಸಿಕೊಳ್ಳುವಾಗ ಈ ಅಂಕಿ ಏರಿಳಿಯುತ್ತದೆ. ಟಿಎಸ್‌ಎಚ್ 10 ದಾಟಿದರೆ ಅಥವಾ ಫ್ರೀ ಟಿ4 ಕೆಳಗಿದ್ದರೆ ಮಾತ್ರೆ ಸಾಮಾನ್ಯವಾಗಿ ಬೇಕಾಗುತ್ತದೆ. 5ರಿಂದ 10ರ ನಡುವೆ ಇದ್ದು ಟಿ4 ಸರಿಯಿದ್ದರೆ ಕಾದು ನೋಡಬಹುದು. ಕತ್ತು ಊದಿದೆಯಾ, ಎತ್ತರ ನಿಂತಿದೆಯಾ ಅಂತ ನೋಡಿಕೊಂಡು ಡಾಕ್ಟರು ತೀರ್ಮಾನ ಮಾಡುತ್ತಾರೆ. ಗೀಳಿನ ಚಿಕಿತ್ಸೆ ಮಾತ್ರ ಇದಕ್ಕೆ ಕಾಯಬಾರದು. ಗಂಟಲಲ್ಲಿ ಸ್ಟ್ರೆಪ್ ಇರೋದು ಖಾತ್ರಿಯಾದರೆ ಆಂಟಿಬಯಾಟಿಕ್ ಪೂರ್ತಿ ಕೋರ್ಸ್ ಮುಗಿಸಿ, ಕೈ ತೊಳೆಯುವ ಗೀಳಿಗೆ ವರ್ತನಾ ಚಿಕಿತ್ಸೆ ಈಗಲೇ ಶುರುವಾಗಲಿ. ಥೈರಾಯ್ಡ್ ಮಾತ್ರೆ ಹಾಕಿ ಆ ಗೀಳು ಹೋಗಲಿ ಅಂತ ಕಾಯುತ್ತಾ ಕೂತರೆ ಹುಡುಗನ ಆರು ತಿಂಗಳು ವ್ಯರ್ಥವಾಗುತ್ತದೆ.

ಇನ್ನೊಂದು ಕೆಲಸ. ಅವನ ಹಳೇ ನೋಟ್‌ಬುಕ್ ತೆಗೆದುಕೊಂಡು ಹೋಗಿ. ನಾನು ಎಲ್ಲ ತಾಯಂದಿರಿಗೂ ಇದನ್ನೇ ಹೇಳುತ್ತೇನೆ. ಜೂನ್ ತಿಂಗಳ ಕಾಪಿ ಪುಟದಲ್ಲಿ ದುಂಡಗೆ ಕೂತಿದ್ದ 'ಕ', 'ಖ' ನವೆಂಬರ್‌ನ ಒಂದು ಸೋಮವಾರದಿಂದ ಗೆರೆ ಬಿಟ್ಟು ಹಾರಿದ್ದರೆ, ಒತ್ತಿ ಬರೆದು ಹಾಳೆ ಹರಿದಿದ್ದರೆ, ತೊಂದರೆ ಯಾವ ವಾರ ಶುರುವಾಯಿತು ಅಂತ ಅದೇ ಹೇಳುತ್ತದೆ. ಥೈರಾಯ್ಡ್ ಜಾಸ್ತಿಯಾದ ಮಗುವಿನ ಅಕ್ಷರವೂ ಕೆಡುತ್ತದೆ, ಆದರೆ ತಿಂಗಳುಗಳಲ್ಲಿ, ಸ್ವಲ್ಪ ಸ್ವಲ್ಪವಾಗಿ. ಥೈರಾಯ್ಡ್ ಕಡಿಮೆಯಾದ ಮಗುವಿನ ನೋಟ್ಸ್ ಅರ್ಧಕ್ಕೇ ನಿಂತಿರುತ್ತದೆ, ಟೀಚರ್ ಬೋರ್ಡ್ ಒರೆಸುವಷ್ಟರಲ್ಲಿ ಅದಕ್ಕೆ ಬರೆದು ಮುಗಿಸೋಕೆ ಆಗಿರೋದಿಲ್ಲ.

ನಿಮ್ಮ ಎರಡು ಬೆರಳು ಕೊಟ್ಟು ಹಿಡಿದುಕೋ ಅನ್ನಿ. ಅವನ ಹಿಡಿತ ಹಸುವಿನ ಹಾಲು ಕರೆದಂತೆ ಬಿಗಿಯಾಗಿ ಸಡಿಲಾಗಿ, ಬಿಗಿಯಾಗಿ ಸಡಿಲಾಗಿ ಆಗುತ್ತಿದ್ದರೆ, ಕೈಕಾಲು ತಾನಾಗಿ ತಿರುಚುತ್ತಿದ್ದರೆ ತಡ ಮಾಡಬೇಡಿ. ಅದು ಸಿಡೆನ್‌ಹ್ಯಾಮ್ ಕೊರಿಯಾ ಇರಬಹುದು. ಇದೂ ಸ್ಟ್ರೆಪ್ ಸೋಂಕಿನ ಹಿಂದೆಯೇ ಬರುವ ತೊಂದರೆ, ಇದರ ಬಗ್ಗೆ ವೈದ್ಯರಲ್ಲಿ ಯಾವ ಅನುಮಾನವೂ ಇಲ್ಲ. ಇದರ ಜೊತೆ ಹೃದಯದ ಕವಾಟ ಕೆಡುವ ಭಯ ಇರುತ್ತದೆ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕು. ಮುಂದೆ ವರ್ಷಗಟ್ಟಲೆ 21 ದಿನಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ಬೇಕಾಗಬಹುದು.

ಪ್ರಶ್ನೆ: ಮಗಳಿಗೆ 13. ಎಂಟನೇ ಕ್ಲಾಸ್. ಆರು ತಿಂಗಳಿಂದ ಸಿಡುಕು, ಅಳು, ನಿದ್ದೆ ಇಲ್ಲ. ಚೆನ್ನಾಗಿ ತಿಂದರೂ 5 ಕೆಜಿ ಇಳಿದಿದ್ದಾಳೆ. ಪರೀಕ್ಷೆಯ ಟೆನ್ಷನ್ ಅಂತ ಔಷಧಿ ಕೊಟ್ಟಿದ್ದರು. ಈಗ ಟಿಎಸ್‌ಎಚ್ 0.01 ಬಂದಿದೆ. ಮನಸ್ಸಿನ ಔಷಧಿ ನಿಲ್ಲಿಸಬಹುದಾ? (ಹುಬ್ಬಳ್ಳಿ)

ಉತ್ತರ: ನೀವಾಗಿ ನಿಲ್ಲಿಸಬೇಡಿ. ಇದು ಹೆಚ್ಚಾಗಿ ಗ್ರೇವ್ಸ್ ಕಾಯಿಲೆ. ಪ್ರತಿಕಾಯಗಳು ಇಲ್ಲಿ ಗ್ರಂಥಿಯನ್ನು ಕೆಡಿಸೋದಿಲ್ಲ, ಹಗಲೂ ರಾತ್ರಿ ದುಡಿಯುವಂತೆ ಚುಚ್ಚುತ್ತವೆ. ಫ್ರೀ ಟಿ4, ಟಿ3 ಮತ್ತು ಈ ಪ್ರತಿಕಾಯಗಳನ್ನು ಹುಡುಕುವ ಟಿಆರ್‌ಎಬಿ ಪರೀಕ್ಷೆ ಮಾಡಿಸಿ. ಮನೆಯಲ್ಲೇ ಒಂದು ನೋಡಿ: ಕೈ ಮುಂದೆ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಡಿ. ಹಾಳೆ ಪಟಪಟ ಅಂತ ನಡುಗುತ್ತದಾ? ನಿದ್ದೆಯಲ್ಲಿದ್ದಾಗ ನಾಡಿ ಎಣಿಸಿ. ಹೆದರಿಕೆಯಿಂದ ಓಡುವ ನಾಡಿ ನಿದ್ದೆಯಲ್ಲಿ ಇಳಿಯುತ್ತದೆ, ಥೈರಾಯ್ಡ್‌ನಿಂದ ಓಡುವ ನಾಡಿ ನಿದ್ದೆಯಲ್ಲೂ ಓಡುತ್ತಲೇ ಇರುತ್ತದೆ.

ಕಾರ್ಬಿಮಜೋಲ್ ಅಥವಾ ಮೆಥಿಮಜೋಲ್ ಬರೆದುಕೊಡುತ್ತಾರೆ. ಪ್ರೊಪೈಲ್‌ಥಯೋಯುರಾಸಿಲ್ ಅನ್ನೋ ಇನ್ನೊಂದು ಮಾತ್ರೆ ಲಿವರ್‌ಗೆ ಹೊಡೆತ ಕೊಡುವ ಭಯ ಇರುವುದರಿಂದ ಮಕ್ಕಳಿಗೆ ಸಾಮಾನ್ಯವಾಗಿ ಕೊಡೋದಿಲ್ಲ. ದಯವಿಟ್ಟು ಈ ಮಾತನ್ನು ಫ್ರಿಜ್ ಮೇಲೆ ಬರೆದು ಅಂಟಿಸಿ: ಕಾರ್ಬಿಮಜೋಲ್ ತೆಗೆದುಕೊಳ್ಳುವಾಗ ಜ್ವರ, ಗಂಟಲು ನೋವು ಅಥವಾ ಬಾಯಿಹುಣ್ಣು ಬಂದರೆ ಮಾತ್ರೆ ನಿಲ್ಲಿಸಿ ಅವತ್ತೇ ಬಿಳಿ ರಕ್ತಕಣ ಎಣಿಸಬೇಕು. ಅಪರೂಪ, ಆದರೆ ಬಿಳಿ ಕಣಗಳು ಪೂರ್ತಿ ಇಳಿದುಹೋದರೆ ಜೀವಕ್ಕೇ ಅಪಾಯ.

ಸಿಡುಕು, ಅಳು ಇಳಿಯೋಕೆ ರಿಪೋರ್ಟ್ ಸರಿಯಾದ ಮೇಲೂ ವಾರಗಳು, ಕೆಲವರಿಗೆ ತಿಂಗಳುಗಳು ಹಿಡಿಯುತ್ತವೆ. ಅವಳನ್ನು "ಈಗ ಸರಿಯಿದೆಯಲ್ಲ, ಇನ್ನೂ ಯಾಕೆ ಅಳ್ತೀಯಾ" ಅಂತ ಕೇಳಬೇಡಿ. ಆರು ತಿಂಗಳು ತನ್ನ ದೇಹವೇ ತನ್ನ ಮಾತು ಕೇಳದೆ ಇದ್ದಾಗ, ಸುತ್ತ ಇದ್ದವರೆಲ್ಲ ನಿನ್ನದು ಬರೀ ಟೆನ್ಷನ್ ಅಂದಿದ್ದನ್ನು ಆ ಹುಡುಗಿ ಅನುಭವಿಸಿದ್ದಾಳೆ.

ಪ್ರಶ್ನೆ: ತಂಗಿಗೆ 14. ಒಂದು ವಾರದಲ್ಲಿ ಮಾತು ತಪ್ಪಿತು, ಇಲ್ಲದ್ದು ಕಾಣುತ್ತದೆ ಅಂದಳು, ಎರಡು ಸಲ ಫಿಟ್ಸ್ ಬಂತು. ಮನೆಯಲ್ಲಿ ಹಿರಿಯರು ಗಾಳಿ ಸೋಕಿದೆ ಅಂದರು, ಮೂರು ದಿನ ಹಾಗೇ ಕಳೆಯಿತು. ಆಮೇಲೆ ಆಸ್ಪತ್ರೆ. ಟಿಪಿಒ 800 ಇದೆ, ಹಾಶಿಮೊಟೊ ಎನ್ಸೆಫಲೋಪತಿ ಇರಬಹುದು ಅನ್ನುತ್ತಾರೆ. ಥೈರಾಯ್ಡ್ ಮಾತ್ರೆ ಸಾಕಲ್ವಾ? ಸ್ಟಿರಾಯ್ಡ್ ಯಾಕೆ? (ಮಂಗಳೂರು)

ಉತ್ತರ: ಹಾಶಿಮೊಟೊ ಅನ್ನೋದು ಜಪಾನಿನ ಸರ್ಜನ್ ಹೆಸರು. ಥೈರಾಯ್ಡ್ ಗ್ರಂಥಿಯ ಈ ಊತವನ್ನು ಅವರು 1912ರಲ್ಲಿ ವಿವರಿಸಿದರು. ಈ ಥೈರಾಯ್ಡ್ ಕಾಯಿಲೆ ಇದ್ದ ಒಬ್ಬ ರೋಗಿಯ ಮಿದುಳು ಮತ್ತೆ ಮತ್ತೆ ಕೆಡುತ್ತಿದ್ದುದನ್ನು 1966ರಲ್ಲಿ ಇಂಗ್ಲೆಂಡಿನ ವೈದ್ಯರು ಬರೆದರು, ಅಲ್ಲಿಂದ ಎನ್ಸೆಫಲೋಪತಿ (ಮಿದುಳಿನ ಕೆಲಸ ಕೆಡೋದು) ಅನ್ನೋದು ಸೇರಿಕೊಂಡಿತು. ಇದು ಬಹಳ ಅಪರೂಪ. ಹಾರ್ಮೋನ್ ಮಟ್ಟ ಪೂರ್ತಿ ಸರಿಯಿದ್ದವರಿಗೂ ಬರುತ್ತದೆ, ಅದಕ್ಕೇ ಥೈರಾಯ್ಡ್ ಮಾತ್ರೆಯಿಂದ ಇದು ಗುಣವಾಗೋದಿಲ್ಲ. ಸ್ಟಿರಾಯ್ಡ್ ಕೊಟ್ಟರೆ ಹಲವರು ಚೇತರಿಸಿಕೊಳ್ಳುತ್ತಾರೆ. 800 ಅನ್ನೋ ಅಂಕಿ ನೋಡಿ ಗಾಬರಿಯಾಗಬೇಡಿ, ಟಿಪಿಒ ಎಷ್ಟಿದೆ ಅನ್ನೋದಕ್ಕೂ ಕಾಯಿಲೆ ಎಷ್ಟು ಜೋರಾಗಿದೆ ಅನ್ನೋದಕ್ಕೂ ತಾಳೆ ಇಲ್ಲ. ಟಿಪಿಒ ಪ್ರತಿಕಾಯವೇ ಮಿದುಳಿಗೆ ಹೊಡೆಯುತ್ತದೆ ಅನ್ನೋದಕ್ಕೂ ಪುರಾವೆ ಇಲ್ಲ. ಉಳಿದೆಲ್ಲ ಕಾರಣ ಹುಡುಕಿ, ಯಾವುದೂ ಸಿಗದಿದ್ದಾಗ ಕೊನೆಗೆ ಇಡುವ ಹೆಸರು ಇದು.

ಆ "ಉಳಿದೆಲ್ಲ" ಅನ್ನೋದರಲ್ಲಿ ಒಂದನ್ನು ಹೆಸರಿಟ್ಟೇ ಹೇಳುತ್ತೇನೆ: ಎನ್‌ಎಂಡಿಎ ರಿಸೆಪ್ಟರ್ ಎನ್ಸೆಫಲೈಟಿಸ್, ಅಂದರೆ ದೇಹದ ಪ್ರತಿಕಾಯ ಮಿದುಳಿನ ಮೇಲೇ ಬಿದ್ದು ಬರುವ ಊತ. ನಿಮ್ಮ ತಂಗಿಯ ವಯಸ್ಸು, ಫಿಟ್ಸ್, ಮಾತು ತಪ್ಪಿದ್ದು, ಇಲ್ಲದ್ದು ಕಂಡಿದ್ದು, ಎಲ್ಲವೂ ಅದಕ್ಕೆ ಹೊಂದುತ್ತದೆ. ಈ ಪ್ರತಿಕಾಯ ಗೊತ್ತಾಗಿದ್ದು 2007ರಲ್ಲಿ, ಅದಕ್ಕೆ ಮುಂಚೆ ಎಷ್ಟು ಹುಡುಗಿಯರು ಹುಚ್ಚು ಅಂತಲೋ ದೆವ್ವ ಅಂತಲೋ ಕೋಣೆಯಲ್ಲಿ ಉಳಿದುಹೋದರೋ ಅಂತ ನೆನೆದರೆ ಸಂಕಟವಾಗುತ್ತದೆ. ಬೆನ್ನುಹುರಿಯ ನೀರು ತೆಗೆದು ಪರೀಕ್ಷೆ ಮಾಡಬೇಕು, ಇಇಜಿ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಬೇಕು, ಹುಡುಗಿಯಾದ್ದರಿಂದ ಅಂಡಾಶಯದಲ್ಲಿ ಗಡ್ಡೆ ಇದೆಯಾ ಅಂತ ಸ್ಕ್ಯಾನ್ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪ್ರತಿಕಾಯ ಪರೀಕ್ಷೆ ಮಾಡುತ್ತಾರೆ. ಇದಕ್ಕೂ ಮೊದಲ ಚಿಕಿತ್ಸೆ ಸ್ಟಿರಾಯ್ಡೇ, ಹಾಗಾಗಿ ಡಾಕ್ಟರು ಅದನ್ನು ಶುರು ಮಾಡಿದ್ದು ಸರಿಯಾಗಿದೆ. ಹಿರಿಯರಿಗೆ ಬೇಕಿದ್ದರೆ ಹರಕೆ ಹೊತ್ತುಕೊಳ್ಳಲಿ, ಬೇಡ ಅನ್ನೋದಿಲ್ಲ. ಹುಡುಗಿ ಮಾತ್ರ ಆಸ್ಪತ್ರೆಯಲ್ಲೇ ಇರಲಿ. ಸ್ಟಿರಾಯ್ಡ್ ಅನ್ನು ಮಧ್ಯದಲ್ಲಿ ಥಟ್ಟನೆ ನಿಲ್ಲಿಸಬೇಡಿ.

ಪ್ರಶ್ನೆ: ಥೈರಾಯ್ಡ್ ಇದ್ದರೆ ಕೋಸು, ಹೂಕೋಸು ಬಿಡಬೇಕಾ? ಗೋಧಿ ಬಿಟ್ಟರೆ ಟಿಪಿಒ ಇಳಿಯುತ್ತದೆ ಅಂತಾರೆ. (ತುಮಕೂರು)

ಉತ್ತರ: ಬೇಯಿಸಿದ ಕೋಸು ಧಾರಾಳವಾಗಿ ತಿನ್ನಲಿ. ಸೀಲಿಯಾಕ್ (ಗೋಧಿ ಕರುಳಿಗೆ ಆಗದ ಕಾಯಿಲೆ) ಪರೀಕ್ಷೆ ಪಾಸಿಟಿವ್ ಬಂದ ಮಕ್ಕಳಿಗಷ್ಟೇ ಗೋಧಿ ಬಿಡಿಸಬೇಕು. ಪರೀಕ್ಷೆಗೆ ಮುಂಚೆಯೇ ಬಿಡಿಸಿದರೆ ರಿಪೋರ್ಟ್ ತಪ್ಪಾಗಿ ನೆಗೆಟಿವ್ ಬರಬಹುದು. ಮನೆಗೆ ತರುವ ಅಯೋಡಿನ್ ಉಪ್ಪು ಸಾಕು, ಮೇಲೆ ಅಯೋಡಿನ್ ಹನಿ, ಪುಡಿ ಕೊಡಬೇಡಿ. ಜಾಸ್ತಿಯಾದ ಅಯೋಡಿನ್ ಈ ಮಕ್ಕಳ ಗ್ರಂಥಿಗೆ ತೊಂದರೆಯೇ.

ಪ್ರಶ್ನೆ: 10 ವರ್ಷದ ಮಗನಿಗೆ ಗೀಳಿನ ಕಾಯಿಲೆ, ಜೊತೆಗೆ ಥೈರಾಯ್ಡ್ ಮಾತ್ರೆ. ಸ್ಕೂಲ್ ಬಸ್ 7ಕ್ಕೆ. ಎದ್ದ ಕೂಡಲೇ ರಾಗಿ ಗಂಜಿ ಕುಡಿದು ಓಡುತ್ತಾನೆ. ಮಾತ್ರೆ ಮುಟ್ಟಿದರೆ ವಿಷ ಇದೆ ಅಂತಾನೆ. (ಮಡಿಕೇರಿ)

ಉತ್ತರ: ಮಾತ್ರೆಗೂ ತಿಂಡಿಗೂ ಅರ್ಧ ಗಂಟೆಯಾದರೂ ಅಂತರ ಬೇಕು. ಕಬ್ಬಿಣದ ಟಾನಿಕ್ಕು, ಕ್ಯಾಲ್ಸಿಯಂ ಮಾತ್ರೆಗೆ 4 ಗಂಟೆ. ರಾಗಿ ಗಂಜಿ, ಹಾಲಿನಲ್ಲಿ ಕ್ಯಾಲ್ಸಿಯಂ ತುಂಬಾ ಇರುವುದರಿಂದ ಮಾತ್ರೆಯ ಹಿಂದೆಯೇ ಕೊಡಬೇಡಿ. ಬೆಳಿಗ್ಗೆ ಆಗೋದೇ ಇಲ್ಲ ಅಂದರೆ ಡಾಕ್ಟರನ್ನು ಕೇಳಿ ರಾತ್ರಿಗೆ ಬದಲಾಯಿಸಿ, ಊಟವಾಗಿ ಸುಮಾರು 3 ಗಂಟೆ ಆದಮೇಲೆ. ದಿನಾ ಒಂದೇ ಹೊತ್ತು ಇರಲಿ. ಒಂದು ದಿನ ಮರೆತರೆ ಹೆದರಬೇಡಿ, ಈ ಔಷಧಿ ರಕ್ತದಲ್ಲಿ ಅರ್ಧ ಇಳಿಯೋಕೇ ಸುಮಾರು ಒಂದು ವಾರ ಬೇಕು.

ವಿಷ ಇದೆ ಅನ್ನೋದು ಹಟ ಅಲ್ಲ, ಅವನ ಕಾಯಿಲೆ ಆಡಿಸುವ ಮಾತು. ಗದರಬೇಡಿ, ಮೋಸದಿಂದ ಊಟದಲ್ಲಿ ಬೆರೆಸಲೂ ಬೇಡಿ. ಒಂದು ಸಲ ಸಿಕ್ಕಿಬಿದ್ದರೆ ಊಟವನ್ನೂ ಬಿಡುತ್ತಾನೆ. ಅವನ ಎದುರಿಗೇ ಹೊಸ ಸ್ಟ್ರಿಪ್‌ನಿಂದ ಅವನೇ ಮಾತ್ರೆ ತೆಗೆಯಲಿ, ಅವನೇ ಎರಡು ಚಮಚದ ನಡುವೆ ಪುಡಿ ಮಾಡಲಿ, ಒಂದು ಚಮಚ ನೀರು ಹಾಕಿ ಆಗಲೇ ಕುಡಿಯಲಿ. ಮೊದಲೇ ಕಲಸಿ ಬಾಟಲಿಯಲ್ಲಿ ಇಡಬೇಡಿ, ಔಷಧಿಯ ಶಕ್ತಿ ಹೋಗುತ್ತದೆ. ಮಾತ್ರೆ ತೆಗೆದುಕೊಳ್ಳೋದೂ ವರ್ತನಾ ಚಿಕಿತ್ಸೆಯ ಒಂದು ಪಾಠವಾಗಲಿ ಅಂತ ಅವನ ಥೆರಪಿಸ್ಟ್‌ಗೆ ಹೇಳಿ.

ಪ್ರಶ್ನೆ: ಐವಿಐಜಿ ಹಾಕಿಸಿ ಎರಡು ವಾರಕ್ಕೆ ಟಿಪಿಒ ಪಾಸಿಟಿವ್ ಬಂತು, ಮೊದಲು ಇರಲಿಲ್ಲ. (ಬೆಂಗಳೂರು)

ಉತ್ತರ: ಐವಿಐಜಿ ಅಂದರೆ ಸಾವಿರಾರು ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯ. ದಾನಿಗಳಲ್ಲಿ ಯಾರದ್ದೋ ಟಿಪಿಒ ಪ್ರತಿಕಾಯ ನಿಮ್ಮ ಮಗುವಿನ ರಕ್ತದಲ್ಲಿ ಓಡಾಡುತ್ತಿರಬಹುದು. ಮೂರ್ನಾಲ್ಕು ತಿಂಗಳು ಬಿಟ್ಟು ಮತ್ತೆ ನೋಡಿ. ಬೇರೆ ಔಷಧಿಗಳೂ ಥೈರಾಯ್ಡ್ ರಿಪೋರ್ಟನ್ನು ಬದಲಾಯಿಸುತ್ತವೆ. ಸ್ಟಿರಾಯ್ಡ್ ನಡೆಯುತ್ತಿದ್ದರೆ ಟಿಎಸ್‌ಎಚ್ ಕೆಳಗೆ ತೋರಿಸಬಹುದು, ಲಿಥಿಯಂ ಆದರೆ ನಿಜವಾಗಿಯೇ ಥೈರಾಯ್ಡ್ ಇಳಿಸುತ್ತದೆ. ಕೂದಲಿಗೆ ಅಂತ ಬಯೋಟಿನ್ ಕೊಡುತ್ತಿದ್ದರೆ ರಕ್ತ ಕೊಡುವ ಎರಡು ದಿನ ಮುಂಚೆ ನಿಲ್ಲಿಸಿ. ಕೊಡುತ್ತಿರುವ ಔಷಧಿಗಳನ್ನೆಲ್ಲ ಚೀಟಿಯಲ್ಲಿ ಬರೆದು ಲ್ಯಾಬಿಗೂ ಡಾಕ್ಟರಿಗೂ ತೋರಿಸಿ.

ಪ್ರಶ್ನೆ: ದೊಡ್ಡವಳಿಗೆ ಪ್ಯಾನ್ಸ್ ಮತ್ತು ಥೈರಾಯ್ಡ್ ಎರಡೂ ಇದೆ. ಚಿಕ್ಕವನಿಗೆ 6 ವರ್ಷ, ಆರಾಮಾಗಿದ್ದಾನೆ. ಅವನಿಗೂ ಎಲ್ಲ ಪರೀಕ್ಷೆ ಮಾಡಿಸಬೇಕಾ? (ಶಿವಮೊಗ್ಗ)

ಉತ್ತರ: ಆರಾಮಾಗಿದ್ದರೆ ಸುಮ್ನೆ ಸೂಜಿ ಚುಚ್ಚಿಸಬೇಡಿ. ಬಾಗಿಲ ಚೌಕಟ್ಟಿಗೆ ನಿಲ್ಲಿಸಿ, ತಲೆಯ ಮೇಲೆ ಪುಸ್ತಕ ಅಡ್ಡ ಇಟ್ಟು ಪೆನ್ಸಿಲ್ ಗೆರೆ ಎಳೆಯಿರಿ, ತಾರೀಖು ಬರೆಯಿರಿ. ಯುಗಾದಿಗೊಮ್ಮೆ, ದಸರಾಕ್ಕೊಮ್ಮೆ. ಈ ವಯಸ್ಸಿನ ಮಗು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಬೆಳೆಯಬೇಕು. ಒಂದು ಯುಗಾದಿಯಿಂದ ಇನ್ನೊಂದು ಯುಗಾದಿಗೆ ಗೆರೆಗಳ ನಡುವೆ 4 ಸೆಂಟಿಮೀಟರ್ ಕೂಡ ಇಲ್ಲದಿದ್ದರೆ, ಅಥವಾ ಕತ್ತಿನ ಮುಂಭಾಗ ಉಬ್ಬಿದ್ದರೆ, ಮಲಬದ್ಧತೆ ಬಿಡದೇ ಇದ್ದರೆ, ಆಗ ಟಿಎಸ್‌ಎಚ್, ಫ್ರೀ ಟಿ4 ಮಾಡಿಸಿ.